ಡಾರ್ಕಸಳ ವಿಚ್ಛೇದನ ಕಾಯಿದೆ

ನಮ್ಮ ರಾಜ್ಯದಲ್ಲಿ ಹೆಂಗಸಿಗೆ ಗಂಡನಿಂದ ಬಿಡುಗಡೆ ಕೊಡುವ ಅಧಿಕಾರ ನ್ಯಾಯಾಧೀಶರಿಗಿಲ್ಲ, ಪಾದ್ರಿಗಳಿಗೂ ಇಲ್ಲ. ಅದಿರುವುದು ಮಾನ್ಯ ಶಾಸನಸಭೆಗೆ ಮಾತ್ರ. ಇಂಗ್ಲೆಂಡಿನ ದೊರೆಯನ್ನು ಬಿಡುವುದಕ್ಕೆ ಒಂದು ಯುದ್ಧ ಸಾಕಾಗಿತ್ತು. ಒಬೆಡ್‌ನಂಥವನನ್ನು ಬಿಡಬೇಕಾದರೆ ಕೆಳಮನೆ, ಮೇಲ್ಮನೆ ಎರಡರಲ್ಲೂ ಮೂರು ಮೂರು ಸಲ ಮಸೂದೆ ಓದಬೇಕು, ಆಮೇಲೆ ಗವರ್ನರ್ ಸಾಹೇಬರ ರುಜು ಬೀಳಬೇಕು.

ಈ ಒಬೆಡ್ ನಮ್ಮ ಪಕ್ಕದ ಮನೆ ಡಾರ್ಕಸಳ ಗಂಡ. ಉಪ್ಪು ತರ್ತೀನಿ ಅಂತ ಹೋದವನು ವರ್ಷಗಳೇ ಕಳೆದರೂ ಪತ್ತೆಯಿಲ್ಲ. ಸಮುದ್ರ ಬತ್ತಲಿ ಅಂತ ದಡದಲ್ಲಿ ಕಾಯುತ್ತಿದ್ದಾನೇನೋ ಅಂತ ಬಾವಿಕಟ್ಟೆಯಲ್ಲಿ ನಾನೇ ಹೇಳಿದ್ದುಂಟು. ಅಷ್ಟರಲ್ಲಿ ಪೀಪಾಯಿ ಮಾಡುವ ಅಸಾ ಅವಳ ಮನೆಗೆ ಬಂದು, ಸೋರದ ಪೀಪಾಯಿಗಳನ್ನೂ ರಿಪೇರಿ ಮಾಡತೊಡಗಿದ್ದ. ಊರೆಲ್ಲ ನೋಡಿತ್ತು. ನಾನು ಸ್ವಲ್ಪ ಹತ್ತಿರದಿಂದ ನೋಡಿದ್ದೆ, ಅಷ್ಟೇ.

"ವಸಂತಕ್ಕೆ ಹೊಸ ಜಮೀನು ಹುಡುಕ್ಕೊಂಡು ಒಹಾಯೋ ಕಡೆ ಗಾಡಿಗಳು ಹೊರಡ್ತವೆ ಡಾರ್ಕಸ್," ಅಂದ ಅಸಾ. "ಅಷ್ಟರೊಳಗೆ ನೀನು ಬಿಡುಗಡೆ ಆದ್ರೆ ಮದ್ವೆ ಮಾಡ್ಕೊಂಡು ಇಲ್ಲೇ ಇರ್ತೀನಿ. ಇಲ್ಲಾಂದ್ರೆ ಗಾಡಿ ಹತ್ತೋದೇ."

ಡಾರ್ಕಸ್ ಅರ್ಜಿ ಹಾಕಿದಳು. ದೋಣಿ ನಡೆಸುವ ಜೇಬೆಜ್‌ನೇ ಕಾಗದಗಳನ್ನೂ ತರುವವನು. ತಂದದ್ದನ್ನು ದಡದಲ್ಲೇ ಎಲ್ಲರಿಗೂ ಓದಿ ಹೇಳುವ ಒಳ್ಳೆಯ ಗುಣ ಅವನಿಗಿದೆ. ಮೊದಲ ಉತ್ತರ ಹೀಗಿತ್ತು: "ಗವರ್ನರ್ ಸಾಹೇಬರ ಭಾಷಣಕ್ಕೆ ಸಭೆಯು ಉತ್ತರ ಬರೆಯುತ್ತಿದೆ. ಸದರಿ ಉತ್ತರಕ್ಕೆ ಅವರ ಪ್ರತ್ಯುತ್ತರ ಬಂದು, ಅದಕ್ಕೆ ಸಭೆಯು ವಂದನೆ ಸಲ್ಲಿಸಿದ ತರುವಾಯ ತಮ್ಮ ಅರ್ಜಿಯನ್ನು ಪರಿಶೀಲಿಸಲಾಗುವುದು."

ಹಿಮ ಬಿತ್ತು. ಎರಡನೆಯ ಉತ್ತರ ಬಂತು: "ಒಬೆಡ್ ಎಂಬವರು ಕಾಣೆಯಾಗಿರುವ ಬಗ್ಗೆ ಅವರ ಸ್ವಂತ ಹೇಳಿಕೆಯನ್ನು ಲಗತ್ತಿಸತಕ್ಕದ್ದು."

"ಇದ್ದಿದ್ರೆ ಹೇಳಿಸ್ತಿದ್ದೆ ಕಣಪ್ಪಾ!" ಅಂದಳು ಡಾರ್ಕಸ್. ಅದನ್ನೇ ಬರೆಸಿ ಕಳಿಸಿದಳು. ಸಭೆ ತೃಪ್ತಿಪಟ್ಟು, ಒಬೆಡ್‌ನ ಮೌನವನ್ನೇ ಹೇಳಿಕೆಯೆಂದು ದಾಖಲಿಸಿಕೊಂಡಿತು.

ಚರ್ಚೆ ಶುರುವಾಯಿತು. ನದಿಯ ಈಚೆಗಿರುವ ನಮ್ಮ ಪೂರ್ವದಂಡೆಯ ಸದಸ್ಯರು ಹೌದೆಂದರೆ ಪಶ್ಚಿಮದಂಡೆಯವರು ಇಲ್ಲವೆನ್ನಬೇಕು ಅಂತ ಸಂವಿಧಾನದಲ್ಲಿ ಬರೆದಿಲ್ಲ. ಬರೆಯುವ ಅಗತ್ಯ ಕಾಣಲಿಲ್ಲವಂತೆ. ಗಾಡಿಗಳಿಗೆ ಮುಸುಕು ಹೊಲಿಯುತ್ತಿರುವಾಗ ನಮ್ಮ ಸದಸ್ಯರಾದ ಲೆಮ್ಯುಯಲ್ ಸ್ಟಾರ್ ಅವರೇ ಕಾಯಿದೆ ಹಿಡಿದು ಬಂದರು. ಕೆಮ್ಮಿ ಓದಿದರು:

"ಡಾರ್ಕಸ್ ಎಂಬಾಕೆಯ ವಿವಾಹವು ಪೂರ್ವದಂಡೆಯಲ್ಲಿ ರದ್ದಾಗಿರುತ್ತದೆ. ಪಶ್ಚಿಮದಂಡೆಯಲ್ಲಿ ಎಂದಿನಂತೆ ಊರ್ಜಿತವಾಗಿರುತ್ತದೆ. ನೀರಿನ ಮೇಲಿರುವಾಗ ಆಕೆಯನ್ನು ವಿಧವೆಯೆಂದು ಪರಿಗಣಿಸತಕ್ಕದ್ದು."

"ಇದೇನು ಸ್ವಾಮಿ, ಅರ್ಧ ಬಿಡುಗಡೆ?"

"ಪೂರ್ತಿ ಯಾರಿಗೂ ಸಿಕ್ಕಿಲ್ಲ ತಾಯಿ. ಮೇಲಿನ ಊರಿನವರು ಸೇತುವೆ ಕೇಳಿದ್ರು. ಅವರಿಗೂ ನಡುನೀರಿನ ತನಕವೇ ಮಂಜೂರಾಗಿರೋದು."

ಡಾರ್ಕಸ್ ಅಸಾನ ಮುಖ ನೋಡಿದಳು. ಅಸಾ ಗಾಡಿಗಳನ್ನು ನೋಡಿದ, ನದಿಯನ್ನು ನೋಡಿದ. "ನನ್ನ ಅಂಗಡಿ ಈ ದಂಡೇಲೇ ಅಲ್ವಾ ಇರೋದು," ಅಂದ. ಆ ವಾರವೇ ಮದುವೆ. ಸೇಬಿನ ಮದ್ಯ ಸಾಕಷ್ಟಿತ್ತು. ಪೀಪಾಯಿ ಒಂದೂ ಸೋರಲಿಲ್ಲ.

ಜೋಳ ಬೀಸುವ ಗಿರಣಿ ಇರುವುದು ಆಚೆ ದಂಡೆಯಲ್ಲಿ. ಹೊಸ ಜೋಡಿ ದೋಣಿ ಹತ್ತಿದರೆ ಜೇಬೆಜ್ ಇಬ್ಬರನ್ನೂ ಎರಡು ತುದಿಯಲ್ಲಿ ಕೂರಿಸುತ್ತಾನೆ. ನಡುನೀರಿನಲ್ಲಿ ಟೋಪಿ ತೆಗೆದು, "ತುಂಬಾ ದುಃಖದ ವಿಷಯ ಅಮ್ಮಾ," ಅನ್ನುತ್ತಾನೆ. ಅಸಾನೂ ಟೋಪಿ ತೆಗೆಯುತ್ತಾನೆ.

ಬೇಸಿಗೆಯಲ್ಲಿ ಒಬೆಡ್ ಬಂದ. ಉಪ್ಪು ತಂದಿರಲಿಲ್ಲ. ಕಾಯಿದೆಯ ಸುದ್ದಿ ಕೇಳಿ, ಗಿರಣಿಯ ಪಕ್ಕವೇ ಗುಡಿಸಲು ಹಾಕಿಕೊಂಡು, ಎದೆ ಉಬ್ಬಿಸಿ ನಿಂತ. "ಈ ದಂಡೇಲಿ ನಾನೇ ಕಣೇ ನಿನ್ ಗಂಡ!"

"ಹೌದಲ್ವಾ," ಅಂದಳು ಡಾರ್ಕಸ್. "ಹಾಗಾದ್ರೆ ಮೂಟೆ ಎತ್ತು. ಅದಾದ್ಮೇಲೆ ಸೌದೆ ಒಡಿ. ಆಮೇಲೆ ನಿಂತ್ಕೋ, ಇಷ್ಟು ವರ್ಷದ ಬೈಗುಳ ಬಾಕಿ ಇದೆ."

ಅಸಾ ದೋಣಿಯಲ್ಲೇ ಕೂತು ಪೈಪು ಸೇದುತ್ತಾ ಕೇಳಿಸಿಕೊಂಡ. ಕಾಯಿದೆಯ ಪ್ರಕಾರ ಆ ದಂಡೆಯಲ್ಲಿ ಅವನು ಅವಳಿಗೆ ಪರಿಚಯದವನು ಮಾತ್ರ. ಪರಿಚಯದವರು ಮೂಟೆ ಹೊರಬೇಕಾಗಿಲ್ಲ. ಈಚೆ ದಂಡೆಗೆ ಬರುವಷ್ಟರಲ್ಲಿ ಅವಳ ಸಿಟ್ಟೆಲ್ಲ ಖರ್ಚಾಗಿರುತ್ತದೆ, ಮನೆಯಲ್ಲಿ ಅವನಿಗೆ ಸಿಗುವುದು ಬಿಸಿ ರೊಟ್ಟಿ, ನಗುಮುಖ. ಒಬೆಡ್‌ನೂ ಈಗ ಹಿಂದಿಗಿಂತ ಮೈಕೈ ತುಂಬಿಕೊಂಡಿದ್ದಾನೆ. ಕೆಲಸ ಮಾಡಿದರೆ ಹಸಿವಾಗುತ್ತದೆ ಅನ್ನುವುದು ಅವನಿಗೆ ಗೊತ್ತೇ ಇರಲಿಲ್ಲವಂತೆ.

ಈ ವ್ಯವಸ್ಥೆ ನೋಡಿದ ಮೇಲೆ ಊರಿನ ಹೆಂಗಸರು ಯಾರೂ ಪೂರ್ತಿ ಬಿಡುಗಡೆ ಕೇಳುತ್ತಿಲ್ಲ. ಒಂದು ದಂಡೆಯ ಮಟ್ಟಿಗೆ ಕೊಟ್ಟರೆ ಸಾಕು ಅಂತ ಎಲ್ಲರೂ ಅರ್ಜಿ ಹಾಕಿದ್ದಾರೆ. ಸಭೆ ಸಂತೋಷದಿಂದ ಒಂದು ಸಮಿತಿ ನೇಮಿಸಿದೆ. ಸಣ್ಣಪುಟ್ಟ ಹಳ್ಳಗಳನ್ನೂ ನದಿಯೆಂದು ಘೋಷಿಸುವ ಮಸೂದೆ ಎರಡನೆಯ ಓದಿಗೆ ಬಂದಿದೆ.

ನಮ್ಮ ಹಿತ್ತಲಲ್ಲೂ ಒಂದು ಹಳ್ಳ ಹರಿಯುತ್ತದೆ. ನಾನೂ ಅರ್ಜಿ ಬರೆಸಿದೆ. ನಮ್ಮ ಯಜಮಾನರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು, ಸಿಟ್ಟಾಗಲಿಲ್ಲ.

"ಅಡಿಗೆಮನೆ ಯಾವ ದಂಡೆಗೆ ಸೇರತ್ತೆ?" ಅಂದರು. ನಾವು ಗಂಡಹೆಂಡತಿಯಾಗಿಯೇ ಇರುವ ದಂಡೆಗೆ ಅಂತ ಹೇಳಿದ ಮೇಲೆ ಸಾಕ್ಷಿಯ ಜಾಗದಲ್ಲಿ ರುಜು ಹಾಕಿದರು.