ನಮ್ಮ ಶಾಲೆಯ ಮೊದಲ ಹುಡುಗಿ

ನೆನಪಿನ ಶಕ್ತಿ ಚೆನ್ನಾಗಿರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಗುಮಾನಿ. ಮರೆಗುಳಿಗಳಿಂದ ಲೋಕಕ್ಕೆ ದೊಡ್ಡ ಅಪಾಯವಿಲ್ಲ. ಹೆಚ್ಚೆಂದರೆ ಛತ್ರಿಯನ್ನು ಬಸ್ಸಿನಲ್ಲಿ ಬಿಟ್ಟು ಬರುತ್ತಾರೆ, ಹಾಲು ಉಕ್ಕಿಸುತ್ತಾರೆ. ಆದರೆ "ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ" ಎಂದು ಶುರು ಮಾಡುವವರು ಇದ್ದಾರಲ್ಲ, ಅವರು ಹೇಳುವುದಕ್ಕೆ ತಲೆ, ನಡು, ಬಾಲ ಎಲ್ಲವೂ ಅಚ್ಚುಕಟ್ಟಾಗಿ ಇರುತ್ತವೆ. ನನಗೆ ನಿನ್ನೆಯ ದಿನ ಎಂದರೆ ಅರ್ಧ ಕುಡಿದ ಚಹಾ, ಪಕ್ಕದ ಮನೆಯವರ ಕೆಮ್ಮು, ಎಲ್ಲಿಟ್ಟೆನೋ ತಿಳಿಯದ ಕನ್ನಡಕ, ಅಷ್ಟೇ. ಬದುಕು ಹೀಗೆ ಚೂರುಚೂರಾಗಿ ಬಂದಿರುವಾಗ ನೆನಪು ಮಾತ್ರ ಇಸ್ತ್ರಿ ಮಾಡಿಕೊಂಡು ಬರುವುದೆಂದರೆ ಏನೋ ಮೋಸವಿರಬೇಕು ಎಂಬುದು ನನ್ನ ನಂಬಿಕೆ. ಈ ನಂಬಿಕೆಯ ಮೇಲೆಯೇ ಕೆಲವು ಕಥೆಗಳನ್ನೂ ಬರೆದಿದ್ದೇನೆ. ಅವುಗಳಲ್ಲಿ ಮೊದಲು ಏನಾಯಿತು, ಆಮೇಲೆ ಏನಾಯಿತು ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ನನಗೆ ಓದುಗರು ಸಿಗದಿರುವುದಕ್ಕೆ ಅದೇ ಕಾರಣವೆಂದು ಮನೆಯಲ್ಲಿ ಒಂದು ಅಭಿಪ್ರಾಯವಿದೆ.

ಇಂಥವನ ಕೈಗೆ ನಾಗಪುರದ ಒಂದು ಭಾರಿ ಹೈಸ್ಕೂಲಿನ ಇತಿಹಾಸ ಬರೆಯುವ ಕೆಲಸ ಬಂದು ಬಿತ್ತು. ನಾನು ಧಾರವಾಡದವನು, ಆ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತ ನಾಗಪುರದ ಬಿಸಿಲಿಗೆ ಹದವಾಗಿ ಬೆಂದವನು. ಶಾಲೆಗೆ ಹೊಸ ವೆಬ್‌ಸೈಟ್ ಆಗುತ್ತಿತ್ತು. ಹಳೆಯ ವಿದ್ಯಾರ್ಥಿಗಳ ಮೇಳವೂ ಹತ್ತಿರ ಬಂದಿತ್ತು. ವೆಬ್‌ಸೈಟಿನಲ್ಲಿ "ಶಾಲೆಯ ಇತಿಹಾಸ ಮತ್ತು ಪರಿಚಯ" ಎಂಬ ಪುಟವೊಂದು ಖಾಲಿ ಉಳಿದಿತ್ತು. ನಮ್ಮ ಮುಖ್ಯಾಧ್ಯಾಪಿಕೆ ನನ್ನನ್ನು ಕರೆದರು. "ಸರ್, ನೀವು ಕಥೆ ಬರೀತೀರಂತೆ. ಕಥೆ ಬರೆಯೋರಿಗೆ ಇತಿಹಾಸ ಏನು ಮಹಾ! ಒಂದೇ ಒಂದು ಪುಟ. ಜಲ್ದಿ ಕೊಡಿ, ಬರೋಬರ್?" ಎಂದರು. ಬರೋಬರ್ ಎಂದು ಬಂದೆ. ಬಂದ ಮೇಲೆ ಯಾವುದೂ ಬರೋಬರ್ ಆಗಲಿಲ್ಲ.

ಪರಿಚಯದ ಭಾಗವೇನೋ ಸುಲಭ. ನಮ್ಮದು ಎರಡು ಪಾಳಿಯ ಶಾಲೆ, ಬೆಳಗಿನದೊಂದು, ಮಧ್ಯಾಹ್ನದ್ದೊಂದು. ಒಂದು ಪಾಳಿ ಹೊರಗೆ ಹೊರಟು ಇನ್ನೊಂದು ಒಳಗೆ ನುಗ್ಗುವ ಹೊತ್ತಿನಲ್ಲಿ ಗೇಟಿನ ಮುಂದಿನ ರಸ್ತೆಯಲ್ಲಿ ಆಂಬುಲೆನ್ಸ್ ಕೂಡ ಎಂಜಿನ್ ಆರಿಸಿಕೊಂಡು ನಿಲ್ಲುತ್ತದೆ. ಒಂದೊಂದು ಬೆಂಚಿಗೂ ಇಬ್ಬಿಬ್ಬರು ಒಡೆಯರು, ಒಬ್ಬರ ಮುಖ ಒಬ್ಬರು ಕಂಡವರಲ್ಲ. ಆದರೂ ಕೈವಾರದ ಮೊನೆಯಿಂದ ಬೆಂಚಿನ ಮೇಲೆ ಕೆತ್ತಿ ವರ್ಷವಿಡೀ ಜಗಳವಾಡುತ್ತಾರೆ. ಸೀತಾಬರ್ಡಿ ಪೇಟೆಯಲ್ಲಿ ಯಾವ ಆಟೋ ಹತ್ತಿ ಶಾಲೆಯ ಹೆಸರು ಹೇಳಿದರೂ ಚಾಲಕ ತಿರುಗಿ ನೋಡಿ, "ನಾನೂ ಅಲ್ಲಿಯವನೇ ಸರ್, ಒಂಬತ್ತನೇ ತರಗತಿಯನ್ನು ಎರಡು ಸಲ ಓದಿದೀನಿ" ಎನ್ನುತ್ತಾನೆ. ಕೋರ್ಟಿನಲ್ಲಿ ಪೀಠದ ಮೇಲೆ ಕೂರುವವರಲ್ಲೂ ನಮ್ಮವರಿದ್ದಾರೆ, ಅವರ ಎದುರಿನ ಕಟಕಟೆಯಲ್ಲಿ ನಿಲ್ಲುವವರಲ್ಲೂ ನಮ್ಮವರಿದ್ದಾರೆ. ಎರಡನೆಯದನ್ನು ಬರೆಯಬೇಡಿ ಎಂದು ಮುಖ್ಯಾಧ್ಯಾಪಿಕೆ ಹೇಳಿದರು.

ತೊಂದರೆ ಇತಿಹಾಸದ್ದು. ಶಾಲೆಗಳ ಇತಿಹಾಸವನ್ನು ನೀವು ಓದಿರುತ್ತೀರಿ. ಎಲ್ಲವೂ "ಅಂದು ನೆಟ್ಟ ಪುಟ್ಟ ಸಸಿ ಇಂದು ಹೆಮ್ಮರವಾಗಿ" ಎಂದೇ ಆರಂಭವಾಗುತ್ತವೆ. ಆ ಸಸಿಯನ್ನು ಕಂಡವರು ಯಾರು? ಸ್ಟಾಫ್ ರೂಮಿನಲ್ಲಿ ಕೇಳಿದರೆ ಶಾಲೆ ಶುರುವಾದದ್ದು ಹತ್ತಿ ವ್ಯಾಪಾರಿಯ ದನದ ಕೊಟ್ಟಿಗೆಯಲ್ಲಿ ಎಂದು ಒಬ್ಬರು, ಕಿತ್ತಳೆ ಹಣ್ಣಿನ ಗೋದಾಮಿನಲ್ಲಿ ಎಂದು ಇನ್ನೊಬ್ಬರು. ಹಳೆಯ ದಾಖಲೆಗಳನ್ನು ನೋಡೋಣವೆಂದರೆ ಅವೆಲ್ಲ ಯಾವುದೋ ಮಳೆಗಾಲದಲ್ಲಿ ಮಾಡು ಸೋರಿ ಮುದ್ದೆಯಾಗಿ ಹೋಗಿದ್ದವು. ಸಸಿಯನ್ನು ನಾನು ನೆಡುವುದಿಲ್ಲ ಎಂದು ನಿಶ್ಚಯಿಸಿದೆ. ಮೊದಲ ಕರಡಿನಲ್ಲಿ ಇವತ್ತಿನಿಂದ ಶುರು ಮಾಡಿ ಹಿಂದಕ್ಕೆ ಹಿಂದಕ್ಕೆ ಹೋದೆ. ಮುಖ್ಯಾಧ್ಯಾಪಿಕೆ ಓದಿ ಗಾಬರಿಯಾದರು. "ಅಹೋ ಸರ್, ಹೀಗೆ ಹೋದರೆ ಕೊನೆಗೆ ಶಾಲೆಯೇ ಇಲ್ಲದಂತಾಗುತ್ತದಲ್ಲ!" ಎಂದರು. ಎರಡನೆಯ ಕರಡನ್ನು ಒಂದು ಬೆಂಚಿನ ಬಾಯಲ್ಲಿ ಹೇಳಿಸಿದೆ. ಅದನ್ನು ಅವರು ಪೂರ್ತಿ ಓದಲಿಲ್ಲ. "ಒಂದು ಕೆಲಸ ಮಾಡಿ. ಹುಡುಗರ ಶಾಲೆಯಾಗಿದ್ದ ಇಲ್ಲಿಗೆ ಮೊದಲು ಸೇರಿದ ಹುಡುಗಿ ಯಾರು ಅಂತ ಹುಡುಕಿ. ಅವರ ಹೆಸರನ್ನು ಇತಿಹಾಸದಲ್ಲಿ ಹಾಕೋಣ, ಮೇಳದಲ್ಲಿ ಶಾಲು, ತೆಂಗಿನಕಾಯಿ ಕೊಟ್ಟು ಸತ್ಕಾರ ಮಾಡೋಣ. ಜನ ಅದನ್ನೇ ಓದೋದು," ಎಂದರು.

ಇದು ನನಗೆ ಹಿಡಿಸಿತು. ಯಾಕೆಂದರೆ ಮೊದಲ ಹುಡುಗಿ ನಮ್ಮ ಮೇಲಿನ ಮಹಡಿಯಲ್ಲೇ ಇದ್ದರು. ಸುಮತಿಕಾಕು. ಅವರ ತಂದೆ ರೈಲ್ವೆ ನೌಕರಿಗೆಂದು ನಾಗಪುರಕ್ಕೆ ಬಂದು ಇಲ್ಲಿಯೇ ನಿಂತವರು. ಕಾಕು ಹುಟ್ಟಿದ್ದು, ಓದಿದ್ದು, ಮುದುಕಿಯಾದದ್ದು ಎಲ್ಲ ಇಲ್ಲೇ. ಕನ್ನಡ ಮಾತಾಡುತ್ತಾರೆ, ಓದಲು ಬಾರದು. ಸುದ್ದಿ ತಿಳಿದ ಕೂಡಲೇ ನನ್ನನ್ನು ಕರೆಸಿದರು.

"ಏ ಮಾಸ್ತರ, ನಿಮ್ಮ ಸಾಲ್ಯಾಗ ಮೊದಲನೇ ಹುಡುಗಿ ನಾನ. ಬರ್ಕೋ. ಹುಡುಗೇರು ಸೀದಾ ವರ್ಗದಾಗ ಹೋಗೋ ಹಂಗಿದ್ದಿಲ್ಲ. ನೀರಿನ ಮಡಿಕೆ ಇಡೋ ಕೋಲ್ಯಾಗ ನಿಂತಿರಬೇಕು. ಗಣಿತದ ಮಾಸ್ತರ ಬರೂದು, ಅವರ ಬೆನ್ನ ಹಿಂದ ತಲಿ ಬಗ್ಗಿಸಿಕೊಂಡ ಒಳಗ ಹೋಗೂದು. ಮುಂದಿನ ಬೆಂಚ ಮ್ಯಾಲೆ ಕೂಡೂದು. ತಾಸ ಮುಗದ ಮ್ಯಾಲೆ ಮತ್ತ ಅವರ ಹಿಂದನ ಹೊರಗ. ಹುಡುಗರು ಬೆಂಚ ಬಡೀತಿದ್ರು, ದಬದಬ ದಬದಬ. ಅಷ್ಟ ಮಂದ್ಯಾಗ ನಾ ಒಬ್ಬಾಕಿ!"

ಈ ಕಥೆ ಆ ಮನೆಯ ಗೋಡೆಗಳಿಗೂ ಬಾಯಿಪಾಠ. ಅದು ಬರಿಯ ಕಥೆಯೂ ಅಲ್ಲ. ಕಾಕುವಿನ ಸೊಸೆಗೆ ಊರಾಚೆಯ ಕಾರ್ಖಾನೆಯಲ್ಲಿ ನೌಕರಿ ಸಿಕ್ಕಾಗ ಗಂಡಸರೇ ತುಂಬಿರುವ ಜಾಗಕ್ಕೆ ಕಳಿಸುವುದು ಬೇಡವೆಂದು ಮನೆಯವರೆಲ್ಲ ಒಂದಾಗಿದ್ದರಂತೆ. ಕಾಕು ಊಟದ ತಟ್ಟೆ ಸರಿಸಿ, "ನಾ ಒಬ್ಬಾಕಿ ಕೂತಿದ್ದೆ" ಎಂದರಂತೆ. ಮಾತು ಅಲ್ಲಿಗೆ ಮುಗಿಯಿತು. ಸೊಸೆ ಇವತ್ತಿಗೂ ಕಂಪನಿಯ ಬಸ್ಸು ಹತ್ತಿ ಹೋಗುತ್ತಾರೆ. ಅಂಥ ಕಥೆಯನ್ನು ಅಚ್ಚು ಮಾಡದೆ ಇನ್ನೇನನ್ನು ಅಚ್ಚು ಮಾಡುವುದು? ಜೀವನದಲ್ಲಿ ಮೊದಲ ಬಾರಿಗೆ ಒಂದು ನೆನಪನ್ನು ನಂಬಿದೆ.

ನಂಬಿದ ವಾರವೇ, ಹುಡುಕಾಟದ ಸುದ್ದಿ ಹಳೆಯ ವಿದ್ಯಾರ್ಥಿಗಳಿಗೆ ಮುಟ್ಟಿ, ಫೋನು ಬಂತು. ಬ್ಯಾಂಕಿನಿಂದ ನಿವೃತ್ತರಾದ ನಲಿನಿತಾಯಿ ಎಂಬವರು. ಶಾಲೆಯ ಮೊದಲ ಹುಡುಗಿ ತಾವೇ ಎಂದರು. ಮಡಿಕೆಯ ಕೋಣೆ, ಗಣಿತದ ಮಾಸ್ತರರು, ಮುಂದಿನ ಬೆಂಚು, ದಬದಬ. "ಇಡೀ ವರ್ಗದಲ್ಲಿ ನಾನೊಬ್ಬಳೇ, ಸರ್." ಅದರ ಹಿಂದೆಯೇ ಪಕ್ಕದ ಊರು ಕಾಮ್ಠಿಯಿಂದ ರಜಿಯಾ ಆಪಾ ಫೋನು ಮಾಡಿದರು. ಹಿಂದಿಯಲ್ಲಿ ಅದೇ ಮಡಿಕೆ, ಅದೇ ಮಾಸ್ತರರು, ಅದೇ ದಬದಬ. "ಅಕೇಲೀ ಥೀ ಮೈ, ಬಿಲ್ಕುಲ್ ಅಕೇಲೀ." ಇವರೂ ಒಬ್ಬಂಟಿ. ವರ್ಷ ಕೇಳಿದರೆ ಮೂವರದೂ ಒಂದೇ ವರ್ಷ. ತರಗತಿಗೆ ಬೇರೆ ಬೇರೆ ತುಕಡಿ, ಅಂದರೆ ಸೆಕ್ಷನ್, ಇರಬಹುದೆಂದು ಕೇಳಿದರೆ ಆಗ ಇದ್ದದ್ದೇ ಒಂದು ತುಕಡಿ. ಮುಖ್ಯಾಧ್ಯಾಪಿಕೆಗೆ ಹೇಳಿದೆ. "ಶಾಲು ಒಂದೇ ತರಿಸಿದೀನಿ, ಸರ್. ಪಹಿಲಿ, ಮೊದಲನೆಯವಳು, ಅಂದರೆ ಒಬ್ಬರೇ. ಉಳಿದ ಇಬ್ಬರು ಸುಳ್ಳು ಹೇಳ್ತಿದಾರೆ. ಯಾರು ಅಂತ ನೋಡಿ," ಎಂದರು.

ನೋಡಿಯೇ ಬಿಡುತ್ತೇನೆ ಎಂದು ಹಟ ಹಿಡಿದು ಒಂದು ಶನಿವಾರ ಮೂವರನ್ನೂ ಸ್ಟಾಫ್ ರೂಮಿಗೆ ಕರೆದೆ. ಕೂಲರ್ ಹಚ್ಚಿಸಿ, ಗೇಟಿನೆದುರಿನ ಗಾಡಿಯಿಂದ ಪೋಹೆ, ಅಂದರೆ ಒಗ್ಗರಣೆ ಅವಲಕ್ಕಿ, ತರಿಸಿದ್ದೆ, ನಾಗಪುರದ ಪದ್ಧತಿಯಂತೆ ಮೇಲೆ ಕಡಲೆಯ ಖಾರದ ರಸ ಸುರಿದದ್ದು. ಖಾರ ತಿಂದವರಿಗೆ ಸುಳ್ಳು ಹೇಳಲು ಪುರಸೊತ್ತಿರುವುದಿಲ್ಲ ಎಂಬುದು ನನ್ನ ವಿಜ್ಞಾನ. ಮೂವರೂ ಎದುರುಬದುರು ಕುಳಿತು ಒಬ್ಬರನ್ನೊಬ್ಬರು ಅಳೆದರು. ಯಾರಿಗೂ ಯಾರ ಗುರುತೂ ಹತ್ತಲಿಲ್ಲ. "ನಿಮ್ಮನ್ನ ನಾ ಎಂದೂ ನೋಡಿಲ್ಲ," ಎಂದರು ಕಾಕು. "ನಾನಾದರೂ ಎಲ್ಲಿ ನೋಡಿದೀನಿ?" ಎಂದರು ನಲಿನಿತಾಯಿ. ರಜಿಯಾ ಆಪಾ ಪೋಹೆ ತಿನ್ನುತ್ತ, "ಗಣಿತದ ಸರ್ ಕೋಟಿನ ಬೆನ್ನಿಗೆ ಸೀಮೆಸುಣ್ಣದ ಕೈಗುರುತು ಇರುತ್ತಿತ್ತು, ಹೌದಾ?" ಎಂದು ಪರೀಕ್ಷೆ ಒಡ್ಡಿದರು. ಇಬ್ಬರೂ ಹೌದೆಂದರು. ಮೂವರೂ ಪಾಸು. ಸುಳ್ಳುಗಾರ್ತಿ ಸಿಗಲಿಲ್ಲ.

ಆಗ ನಾನು ಕೇಳಿದೆ: "ಮಾಸ್ತರರ ಹಿಂದೆ ನೀವು ನಡೆಯುತ್ತಿದ್ದಿರಿ, ಸರಿ. ನಿಮ್ಮ ಹಿಂದೆ ಯಾರಿದ್ದರು?"

"ಹಿಂದ ಯಾರಿದ್ರೋ ನನಗೇನ ಗೊತ್ತು?" ಎಂದರು ಕಾಕು. "ತಿರುಗಿ ನೋಡಿದ್ರ ಸಾಲಿ ಬಿಡಿಸ್ತೀನಿ ಅಂತ ಅಪ್ಪ ಹೇಳಿದ್ರು. ನಾ ನೆಲಾ ನೋಡ್ಕೋತ ಹೋಗಾಕಿ."

"ನನಗೂ ಅದೇ ಅಪ್ಪಣೆ," ಎಂದರು ನಲಿನಿತಾಯಿ.

ರಜಿಯಾ ಆಪಾ ಚಮಚ ಕೆಳಗಿಟ್ಟರು. "ಹಿಂದೆ ಯಾರೂ ಇರಲಿಲ್ಲ. ಮುಂದೆ..." ಎಂದು ಕಣ್ಣು ಕಿರಿದು ಮಾಡಿದರು. "ಮುಂದೆ ಒಂದು ಜಡೆ. ಹಸಿರು ರಿಬ್ಬನ್ನು. ಯಾ ಅಲ್ಲಾ, ಅದು ಯಾರ ಜಡೆ?"

ನಲಿನಿತಾಯಿಯ ಕೈ ತಮ್ಮ ಗಿಡ್ಡ ಬಿಳಿಗೂದಲಿಗೆ ಹೋಯಿತು. "ಹಸಿರು ರಿಬ್ಬನ್ನು ನನ್ನದು. ಹಾಗಾದರೆ ನನ್ನ ಮುಂದೆ... ಒಂದು ಕುಳ್ಳ ಹುಡುಗಿ. ಕುತ್ತಿಗೆಗೆಲ್ಲ ಎಣ್ಣೆ ಇಳಿದಿರುತ್ತಿತ್ತು."

"ಕೊಬ್ಬರಿ ಎಣ್ಣಿ. ನಮ್ಮವ್ವ ಹಚ್ಚತಿದ್ಲು," ಎಂದರು ಕಾಕು. ಆಮೇಲೆ ತಲೆಯೆತ್ತಿ, "ಯಾರಿಗ್ರೀ ಕುಳ್ಳಿ ಅಂದದ್ದು?"

ಮೂವರೂ ಒಂದು ವರ್ಷ ಪೂರ್ತಿ ಒಂದೇ ಸಾಲಿನಲ್ಲಿ ನಡೆದು, ಒಂದೇ ಬೆಂಚಿನ ಮೇಲೆ ಕುಳಿತಿದ್ದರು. ಮಾತಾಡಿದರೆ ಹಿಂದಿನ ಹುಡುಗರು ನಗುತ್ತಾರೆಂದು ಮಾತಾಡಿರಲಿಲ್ಲ. ಪಕ್ಕಕ್ಕೆ ನೋಡಿದರೆ ಮನೆಗೆ ದೂರು ಹೋಗುತ್ತದೆಂದು ನೋಡಿರಲಿಲ್ಲ. ಮುಂದಿನ ವರ್ಷ ಹೆಣ್ಣುಮಕ್ಕಳಿಗೇ ಬೇರೆ ತುಕಡಿಗಳಾಗಿ, ಸಾಕಷ್ಟು ಹುಡುಗಿಯರು ಸೇರಿ, ಮೂವರೂ ಬೇರೆ ಬೇರೆ ತುಕಡಿಗೆ ಹಂಚಿಹೋಗಿ, ಇವರ ಆ ಒಂದು ವರ್ಷ ಮೂರು ಒಂಟಿ ವರ್ಷಗಳಾಗಿ ಮೂರು ಮನೆಗಳಿಗೆ ಹೋಗಿತ್ತು.

ಇಲ್ಲಿ ಅಪ್ಪಿಕೊಂಡು ಅತ್ತರು ಎಂದು ಬರೆದರೆ ಚೆನ್ನಾಗಿರುತ್ತದೆ. ಅವರು ಜಗಳ ತೆಗೆದರು. ಸಾಲಿನಲ್ಲಿ ಮುಂದಿದ್ದವಳು ನಾನು, ಹೊಸ್ತಿಲು ಮೊದಲು ದಾಟಿದವಳೂ ನಾನೇ ಎಂದು ಕಾಕು. ಸಾಲು ಎತ್ತರದ ಪ್ರಕಾರ, ಕುಳ್ಳಗಿರುವುದು ಸಾಧನೆಯಲ್ಲ ಎಂದು ನಲಿನಿತಾಯಿ. ಬಾಗಿಲು ದಾಟುವುದು ಯಾರಾದರೂ ದಾಟುತ್ತಾರೆ, ಎಲ್ಲರ ಹಿಂದೆ ಹುಡುಗರ ನಗುವಿಗೆ ಬೆನ್ನು ಕೊಟ್ಟು ನಡೆದವಳು ನಾನು ಎಂದು ರಜಿಯಾ ಆಪಾ. ಪೋಹೆ ಆರಿಹೋಯಿತು. ಎಲ್ಲ ಮುಗಿದ ಮೇಲೆ ಕಾಕು ಒಮ್ಮೆಲೇ ಸಣ್ಣಗಾದರು. "ಮನೀಗೆ ಹೋಗಿ ಏನಂತ ಹೇಳ್ಲಿ? ಒಬ್ಬಾಕಿ ಇದ್ದೆ ಅಂತ ಜನ್ಮ ಪೂರ್ತಿ ಹೇಳೀನಿ. ಸೊಸಿ ಮುಂದ ಹೇಳೀನಿ. ಈಗ ಸುಳ್ಳ ಆತಲ್ಲ."

ರಜಿಯಾ ಆಪಾ ಕುರ್ಚಿಯನ್ನು ಅವರ ಹತ್ತಿರ ಎಳೆದುಕೊಂಡರು. "ಸುಳ್ಳು ಯಾಕೆ? ಅಕೇಲೇ ಹೀ ಥೇ ನಾ, ಬೆಹೆನ್. ಮೂವರೂ ಒಂಟಿಯಾಗೇ ಇದ್ದೆವು."

ಆ ಮಾತು ಕೇಳಿದ ಮೇಲೆ ನಾನು ಮೂರನೆಯ ಕರಡು ಬರೆದೆ. ಅದರಲ್ಲಿ ಕೊಟ್ಟಿಗೆಯೂ ಇತ್ತು, ಗೋದಾಮೂ ಇತ್ತು, ಎರಡರ ನಡುವೆ "ಅಥವಾ" ಇತ್ತು. ಹುಡುಗಿಯರ ಬಗ್ಗೆ ಒಂದೇ ಸಾಲು: "ಶಾಲೆಗೆ ಮೊದಲು ಸೇರಿದ ಹುಡುಗಿಯರು ಮೂವರು; ಮೂವರೂ ಒಬ್ಬೊಬ್ಬರೇ ಬಂದರು." ಕೆಳಗೆ ಮೂರು ಹೆಸರು. ಮುಖ್ಯಾಧ್ಯಾಪಿಕೆ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು. "ಮೂವರು ಹೇಗೆ ಒಬ್ಬೊಬ್ಬರೇ ಬರುತ್ತಾರೆ? ಓದೋರಿಗೆ ಏನೂ ತಿಳಿಯೋದಿಲ್ಲ, ಸರ್. ಒಂದು ಹೆಸರು ಇಡಿ." ನನ್ನ ಕಥೆಗಳ ಬಗ್ಗೆ ಈ ಮಾತನ್ನು ಬಹಳ ಸಲ ಕೇಳಿ ತಲೆ ತಗ್ಗಿಸಿ ಬಂದಿದ್ದೇನೆ. ಅವತ್ತು ತಗ್ಗಿಸಲಿಲ್ಲ. ಇಟ್ಟರೆ ಮೂರೂ ಹೆಸರು, ಇಲ್ಲದಿದ್ದರೆ ಪುಟ ಖಾಲಿ ಎಂದೆ. "ಇದು ಹಟ, ಸರ್," ಎಂದರು. "ಹೌದು, ಮ್ಯಾಡಮ್," ಎಂದೆ. ಅವರು ಸೀತಾಬರ್ಡಿಯ ಅಂಗಡಿಗೆ ಫೋನು ಮಾಡಿ, ಅಂಥದೇ ಶಾಲು ಇನ್ನೆರಡು ಇವೆಯೇ ಎಂದು ಕೇಳಿದರು.

ಮೇಳದ ದಿನ ಮೂವರೂ ಶಾಲು ಹೊದ್ದು, ಆ ಸೆಕೆಯಲ್ಲಿ ಬೆವರುತ್ತ, ವೇದಿಕೆಯ ಮೇಲೆ ಒಂದೇ ಬೆಂಚಿನಲ್ಲಿ ಕುಳಿತರು. ಮಾತು ನಿಲ್ಲಿಸಿ ಎಂದು ಮೈಕಿನಲ್ಲಿ ಎರಡು ಬಾರಿ ಹೇಳಬೇಕಾಯಿತು. ಕಾಕು ಹೆದರಿಕೊಂಡೇ ಸೊಸೆಗೆ ನಿಜ ಹೇಳಿದ್ದರು. ಸೊಸೆ, "ಅತ್ತಿ, ಮೂರು ಮಂದಿ ಇದ್ದೀರಿ ಅಂತ ಆವಾಗ ಹೇಳಿದ್ರ ಮನ್ಯಾಗ ಯಾರೂ ಒಪ್ಪತಿದ್ದಿಲ್ಲ. ಇನ್ನಿಬ್ಬರ್ನ ಹುಡಿಕ್ಯೊಂಡ ಬಾ ಅಂತಿದ್ರು. ಚಲೋನ ಆತು," ಎಂದು ಶಾಲಿನ ಅಂಚು ಸರಿಮಾಡಿದರಂತೆ.

ಇಷ್ಟನ್ನೂ ಬರೆದು ಹೆಂಡತಿ ಗಿರಿಜೆಗೆ ಓದಿ ಹೇಳಿದೆ. ಪೂರ್ತಿ ಕೇಳಿದಳು. "ಚಲೋ ಆಗೇದ. ಆದ್ರ ನಾ ಎಲ್ಲಿದ್ದೀನಿ ಇದರಾಗ?" ಎಂದಳು.

"ನೀ ಎಲ್ಲಿ ಅಂದ್ರ?"

"ಆ ಶನಿವಾರ ಕಾಕೂನ್ನ ಕೈ ಹಿಡಿದು ಸ್ಟಾಫ್ ರೂಮಿನ ಮೆಟ್ಟಲಾ ಹತ್ತಿಸಿದಾಕಿ ಯಾರ್ರೀ? ಪೋಹೆ ಬಡಿಸಿದಾಕಿ ಯಾರು? ನಿಮ್ಮ ಹಿಂದಿ ರಜಿಯಾ ಆಪಾಗ ತಿಳೀವಲ್ದು ಅಂತ ನಡುವ ಕೂತು ತಿಳಿಸಿದಾಕಿ ಯಾರು? ಹೋಗ್ಲಿ. 'ನಿಮ್ಮ ಹಿಂದ ಯಾರಿದ್ರು' ಅಂತ ಕೇಳಿದ್ದು ನಾನು. ನೀವು ಸುಳ್ಳ ಹೇಳಾಕಿ ಯಾರು ಅಂತ ಮಾರಿ ನೋಡ್ಕೋತ ಕೂತಿದ್ರಿ."

ಕಣ್ಣು ಮುಚ್ಚಿ ಸ್ಟಾಫ್ ರೂಮನ್ನು ನೆನಪಿಗೆ ತಂದುಕೊಂಡೆ. ಮೂವರು ಹೆಂಗಸರು, ಪೋಹೆಯ ತಟ್ಟೆಗಳು, ಕೂಲರಿನ ಸದ್ದು, ನಾನು. ಎಷ್ಟು ಹುಡುಕಿದರೂ ಗಿರಿಜೆ ಸಿಗಲಿಲ್ಲ. ಪ್ರಶ್ನೆ ನನ್ನ ಧ್ವನಿಯಲ್ಲೇ ಕೇಳಿಸುತ್ತಿತ್ತು. ನನ್ನಂಥವನಿಗೇ ಇಷ್ಟು ಸ್ಪಷ್ಟವಾಗಿ ನೆನಪಿರುವಾಗ ಬಿಟ್ಟುಕೊಡುವುದು ಹೇಗೆ? ಸಾಕ್ಷಿ ಬೇಕೆಂದು ಇಬ್ಬರೂ ಮೇಲಿನ ಮಹಡಿಗೆ ಹೋದೆವು. ಕಾಕು ಅಡಕೆ ಕತ್ತರಿಸುತ್ತ ನಮ್ಮ ವ್ಯಾಜ್ಯ ಆಲಿಸಿದರು.

"ಆ ಪ್ರಶ್ನಿ?" ಎಂದರು. "ಅದನ್ನ ನಾನ ಕೇಳಿದ್ನೆಲ್ಲೋ, ಅವರಿಬ್ಬರಿಗೂ! ನಿಮಗಿಬ್ಬರಿಗೂ ಏನಾಗೇದ?"

ನಲಿನಿತಾಯಿಗೂ ರಜಿಯಾ ಆಪಾಗೂ ಫೋನು ಮಾಡೋಣ ಎಂದು ಗಿರಿಜೆ ಹೊರಟಿದ್ದಾಳೆ. ಬೇಡವೆಂದು ತಡೆದಿದ್ದೇನೆ. ಪ್ರಶ್ನೆ ಕೇಳಿದವನು ನಾನೊಬ್ಬನೇ ಎಂದು ಮೇಲೆ ಬರೆದದ್ದನ್ನು ಮಾತ್ರ ಏನೇ ಆದರೂ ತಿದ್ದುವುದಿಲ್ಲ.