ಸಿರಿಲ್‌ನ ಹಸಿರು ಕಾರು ಮತ್ತು ಅತ್ತೆಯ ಕೋಣೆ

ಸಿರಿಲ್ ಟ್ಯಾಟ್ಲೋನ ಹಸಿರು ಕಾರು ಆ ಶನಿವಾರ ಬೆಳಿಗ್ಗೆ ಸ್ಟಾರ್ಟರ್ ಗುಂಡಿ ಎಳೆದರೆ ಗರಗರ ಎಂದಿತೇ ಹೊರತು ಎಂಜಿನ್ನು ಹೊತ್ತಿಕೊಳ್ಳಲಿಲ್ಲ. ಮತ್ತೊಮ್ಮೆ ಎಳೆದ. ಮುದುಕ ಗಂಟಲು ಸರಿಮಾಡಿಕೊಂಡು ಏನೋ ಹೇಳಲು ಹೊರಟು ಸುಮ್ಮನಾದ ಹಾಗೆ ಅದು ಸುಮ್ಮನಾಯಿತು.

ಅದೇನೂ ದೊಡ್ಡ ಸುದ್ದಿಯಲ್ಲ. ಎರಡೇ ಸೀಟು, ತಲೆಯ ಮೇಲೆ ಕೊಡೆಯಂಥ ಬಟ್ಟೆಯ ಹೊದಿಕೆ, ಮಳೆ ಬಂದರೆ ಹೊರಗಿನವರಿಗಿಂತ ಒಳಗಿನವರೇ ಹೆಚ್ಚು ನೆನೆಯುವ ಕಾರು ಅದು. ಇಂಗ್ಲೆಂಡಿನ ನಡುಭಾಗದ ಆ ಊರುಗಳಲ್ಲಿ ಇಂಥ ಕಾರು ಸಾಕುವ ಗಂಡಸರು ಅದನ್ನು ಓಡಿಸಲಿಕ್ಕೆ ಸಾಕುವುದಿಲ್ಲ, ಅದರ ಕೆಳಗೆ ಅಂಗಾತ ಮಲಗಲಿಕ್ಕೆ ಸಾಕುತ್ತಾರೆ. ಕಾರಿನ ಕೆಳಗೆ ಮಲಗಿದವನನ್ನು ಹೆಂಡತಿ ತರಕಾರಿ ತಾ ಎಂದು ಅಂಗಡಿಗೆ ಕಳಿಸುವುದಿಲ್ಲ. ನೀರು ಸರಬರಾಜು ಕಚೇರಿಯ ಗುಮಾಸ್ತ ಸಿರಿಲ್ ಹೀಗೆ ಹಲವು ಶನಿವಾರಗಳನ್ನು ಬಹಳ ಸುಖವಾಗಿ ಕಳೆದಿದ್ದ.

ಆದರೆ ಈ ಶನಿವಾರ ಬೇರೆ. ಅವನ ಹೆಂಡತಿ ಎನಿಡ್‌ಳ ತಾಯಿ, ಮುದುಕಿ ಆಗ್ನೆಸ್, ಇನ್ನು ಒಬ್ಬಳೇ ಇರಲಾರೆ ಎಂದು ಹೇಳಿ ಕಳಿಸಿದ್ದಳು. ಲೆಸ್ಟರ್‌ನಲ್ಲಿದ್ದ ಎನಿಡ್‌ಳ ತಮ್ಮ ತನ್ನ ಮನೆಯಲ್ಲಿ ಜಾಗ ಸಾಲದು ಎಂದು ಫೋನಿನಲ್ಲಿ ಗೋಳಾಡಿ, ಕೊನೆಗೆ ಒಂದು ಮಾತು ಎಸೆದಿದ್ದ: ಭಾವನ ಮನೆಯಲ್ಲಿ ಸತ್ತ ಕಾರಿಗೆ ಸೂರಿದೆ, ಬದುಕಿರುವ ಅಮ್ಮನಿಗೆ ಇಲ್ಲವಾ ಎಂದು. ಆ ಮಾತು ಎನಿಡ್‌ಳ ಎದೆಗೆ ನಾಟಿತ್ತು. ಬೆಳಗಿನ ತಿಂಡಿಯ ಹೊತ್ತಿಗೆ ಅವಳು ತೀರ್ಪು ಕೊಟ್ಟಳು.

"ಓಡೋ ಕಾರಾದ್ರೆ ಅದಕ್ಕೆ ಗ್ಯಾರೇಜು ಬೇಕು, ಒಪ್ತೀನಿ. ಹಾಗಾದ್ರೆ ಅಮ್ಮ ನಾಳೆ ಲೆಸ್ಟರ್‌ಗೆ ಹೋಗ್ಲಿ, ತಮ್ಮನಿಗೆ ನಾನೇ ಹೇಳ್ತೀನಿ. ಇವತ್ತು ಚರ್ಚಲ್ಲಿ ಆರು ಹೊಡೆಯೋ ಹೊತ್ತಿಗೆ ನಿನ್ನ ಕಾರು ಮನೆ ಮುಂದೆ ನಿಂತಿರ್ಬೇಕು, ಗುಂಡಿ ಎಳೆದ್ರೆ ಹೊತ್ಕೋಬೇಕು. ಇಲ್ಲಾಂದ್ರೆ ಗ್ಯಾರೇಜು ಅಮ್ಮನ ಕೋಣೆ."

ಇಷ್ಟು ಹೇಳಿ ಬ್ರೆಡ್ಡಿಗೆ ಮಾರ್ಮಲೇಡ್ ಸವರಿ ಕೊಟ್ಟಳು. ಸಿರಿಲ್ ಅದನ್ನು ತಟ್ಟೆಯಲ್ಲೇ ಬಿಟ್ಟ. ಅತ್ತೆಯನ್ನು ಅವನು ಬಲ್ಲ. ಅವನು ಚಹಾಕ್ಕೆ ಸಕ್ಕರೆ ಹಾಕಿಕೊಂಡರೆ, ತನ್ನ ಮನೆಯಿಂದ ತಂದ ಸಕ್ಕರೆಯೋ ಎಂಬಂತೆ ಚಮಚವನ್ನೇ ನೋಡುತ್ತ ಕೂರುವ ಹೆಂಗಸು.

ಗರಗರ ಸದ್ದು ಬೀದಿಗೆ ಕೇಳಿಸಿದ್ದೇ ತಡ, ಸಕ್ಕರೆ ಬಿದ್ದಲ್ಲಿಗೆ ಇರುವೆ ಬಂದ ಹಾಗೆ ನೆರೆಯವರು ಬಂದರು. ಎಡಮನೆಯ ವಿಲ್ಫ್ರೆಡ್ ಗ್ಯಾಸಿನ ಕೊಳವೆ ಜೋಡಿಸುವ ಕೆಲಸದಿಂದ ನಿವೃತ್ತನಾದವನು. ಜಗತ್ತಿನ ಎಲ್ಲ ಕಾಯಿಲೆಯೂ ಕೊಳವೆ ಕಟ್ಟಿಕೊಂಡೇ ಬರುತ್ತದೆಂಬುದು ಅವನ ನಂಬಿಕೆ. ತನ್ನ ಹೆಂಡತಿಯ ತಲೆನೋವಿಗೂ ಅದನ್ನೇ ಹೇಳುವವನು. ಎದುರುಮನೆಯ ಪರ್ಸಿಗೆ ಸ್ವಂತ ಕಾರಿಲ್ಲ, ಆದರೆ ಕಾರಿನ ಪತ್ರಿಕೆಗಳನ್ನೆಲ್ಲ ಪುಸ್ತಕ ಭಂಡಾರದಲ್ಲಿ ಕೂತು ಓದುತ್ತಾನೆ. ಕಾರಿಲ್ಲದವನ ಹಾಗೆ ಕಾರಿನ ಬಗ್ಗೆ ಧೈರ್ಯವಾಗಿ ಮಾತಾಡುವವರು ಯಾರೂ ಇಲ್ಲ.

ವಿಲ್ಫ್ರೆಡ್ ಬಾನೆಟ್ಟಿನೊಳಗೆ ಮೂಗು ತೂರಿಸಿ ಪೆಟ್ರೋಲ್ ಬರುತ್ತಿಲ್ಲ ಎಂದ. ಪರ್ಸಿ ನಿಂತಲ್ಲಿಂದಲೇ, ಕರೆಂಟು ಬರುತ್ತಿಲ್ಲ ಎಂದ. ಸಿರಿಲ್ ಎರಡಕ್ಕೂ ತಲೆಯಾಡಿಸಿದ. ಅವನ ಸ್ವಭಾವವೇ ಅದು. ಕಚೇರಿಯಲ್ಲೂ ಮೇಲಿನವರಿಗೊಮ್ಮೆ ಕೆಳಗಿನವರಿಗೊಮ್ಮೆ ತಲೆಯಾಡಿಸಿಯೇ ಅವನು ಇಷ್ಟು ವರ್ಷ ಸಂಬಳ ತಿಂದವನು.

ಮೊದಲು ವಿಲ್ಫ್ರೆಡ್‌ನ ಸರದಿ. ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪು ಟಕಟಕ ಎನ್ನಬೇಕು, ಎನ್ನುತ್ತಿಲ್ಲ ಎಂದು ಅದಕ್ಕೆ ಸುತ್ತಿಗೆಯಿಂದ ಎರಡೇಟು ಕೊಟ್ಟ. ಪಂಪು ಟಕಟಕ ಎಂದಿತು. ಕಾರು ಮಾತ್ರ ಗರಗರ ಎಂದಷ್ಟೇ ಅಂದಿತು. ಹಾಗಾದರೆ ಕಾರ್ಬುರೇಟರ್ ಕಟ್ಟಿಕೊಂಡಿರಬೇಕು ಎಂದು ಅದನ್ನು ಬಿಚ್ಚಿ, ತುಂಡುಗಳನ್ನು ಎನಿಡ್‌ಳ ಪುಡಿಂಗ್ ಬೋಗುಣಿಯಲ್ಲಿ ಹಾಕಿ ಪೆಟ್ರೋಲಿನಲ್ಲಿ ತೊಳೆದ. ತೊಳೆದು ಮತ್ತೆ ಜೋಡಿಸಿದಾಗ ಒಂದು ಸ್ಕ್ರೂ ಮಿಕ್ಕಿತು. ಕಾರ್ಖಾನೆಯವರು ಬೇಡದ್ದನ್ನೂ ಹಾಕಿರುತ್ತಾರೆ ಎಂದು ಅದನ್ನು ಹೂವಿನ ಕುಂಡಕ್ಕೆ ಎಸೆದ. ಭಾನುವಾರದ ಪುಡಿಂಗ್ ಇನ್ನು ಯಾವ ರುಚಿ ಬರುತ್ತದೋ ಎಂದು ಸಿರಿಲ್ ಬೋಗುಣಿಯನ್ನೇ ನೋಡುತ್ತ ನಿಂತಿದ್ದ.

ಆಮೇಲೆ ಪರ್ಸಿಯ ಸರದಿ. ಬ್ಯಾಟರಿಯ ತಂತಿಗಳನ್ನು ನೋಡಿದವನೇ ಅವನು ಹುಬ್ಬು ಏರಿಸಿದ. ಈಗಿನ ಕಾರುಗಳಲ್ಲಿ ಲೋಹದ ಮೈಗೆ ಕಟ್ಟುವುದು ಬ್ಯಾಟರಿಯ ಋಣದ ತುದಿ. ಇಲ್ಲಿ ಧನದ ತುದಿಯನ್ನು ಕಟ್ಟಿದೆ, ಯಾರೋ ಮೂರ್ಖ ಉಲ್ಟಾ ಮಾಡಿದ್ದಾನೆ ಎಂದ. ನಮ್ಮ ದೇಶದ ಹಳೇ ಕಾರುಗಳೆಲ್ಲ ಹಾಗೇ ಎಂದು ಸಿರಿಲ್ ಮೆಲ್ಲಗೆ ಹೇಳಿದ.

"ಅದಕ್ಕೇ ಅವೆಲ್ಲ ಓಡಲ್ಲ," ಎಂದು ಪರ್ಸಿ ತಂತಿಗಳನ್ನು ಅದಲುಬದಲು ಮಾಡಿಬಿಟ್ಟ.

ಹಾರ್ನು ತನ್ನಷ್ಟಕ್ಕೆ ತಾನೇ ಕೂಗತೊಡಗಿತು. ಎಲ್ಲಿಂದಲೋ ಸುಟ್ಟ ರಬ್ಬರಿನ ವಾಸನೆ ಬಂತು. ಬಾಗಿಲಲ್ಲಿ ನಿಂತಿದ್ದ ಎನಿಡ್ ಕೈಲಿದ್ದ ಕೆಟಲಿನ ಚಹಾವನ್ನೇ ಹೊಗೆಯ ಮೇಲೆ ಸುರಿದು, ಏನೂ ಆಗದವಳ ಹಾಗೆ ಮತ್ತೆ ಚಹಾ ಮಾಡಲು ಒಳಗೆ ಹೋದಳು. ತಂತಿಗಳು ಮೊದಲಿನ ಜಾಗಕ್ಕೆ ಬಂದವು. ಹಾರ್ನು ಅಂದಿನಿಂದ ಮೂಕವಾಯಿತು.

ಪರ್ಸಿ ಸೋಲುವವನಲ್ಲ. ಪ್ಲಗ್ಗುಗಳಿಗೆ ಕರೆಂಟು ಹಂಚುವ ಕರಿ ಮುಚ್ಚಳದ ಡಬ್ಬಿ ತೆಗೆದು ನೋಡೋಣ ಎಂದು ಕೈಚಾಚಿದ. ಅದೊಂದು ವಿಷಯದಲ್ಲಿ ಮಾತ್ರ ಸಿರಿಲ್ ಜೀವಮಾನದಲ್ಲೇ ಮೊದಲ ಸಲ ಗಟ್ಟಿಯಾಗಿ ನಿಂತ.

"ಅದನ್ನ ಮುಟ್ಬೇಡ ಪರ್ಸಿ. ಚಳಿಗಾಲಕ್ಕೆ ಕಾರು ಮಲಗಿಸೋವಾಗ ಆ ಡಬ್ಬಿನ ನಾನೇ ಕೈಯಾರೆ ಒರೆಸಿ ಮುಚ್ಚಿದೀನಿ. ಅದರಲ್ಲಿ ತಪ್ಪಿರೋಕೆ ಸಾಧ್ಯನೇ ಇಲ್ಲ."

ಇಬ್ಬರೂ ಅವನ ಮುಖ ನೋಡಿ ಹಿಂದೆ ಸರಿದರು.

ಮಧ್ಯಾಹ್ನದ ಬಸ್ಸಿಗೆ ಆಗ್ನೆಸ್ ಬಂದಳು, ಒಂದು ತಗಡಿನ ಟ್ರಂಕು, ಒಂದು ಮಡಿಸುವ ಮಂಚದ ಸಮೇತ. ಕಾರನ್ನು ಮೂವರೂ ಸೇರಿ ಆಗಲೇ ಬೀದಿಗೆ ತಳ್ಳಿದ್ದರಿಂದ ಗ್ಯಾರೇಜು ಖಾಲಿಯಿತ್ತು. ಅವಳು ಅದರೊಳಗೆ ಒಂದು ಸುತ್ತು ಹಾಕಿ, ಮಂಚ ಕಿಟಕಿಯ ಕೆಳಗೆ ಇರಲಿ, ಎಣ್ಣೆಯ ಕಲೆಯ ಮೇಲೆ ಒಂದು ಜಮಖಾನ ಹಾಸಿದರೆ ಸಾಕು ಎಂದಳು. ಇನ್ನೂ ಆರು ಹೊಡೆದಿಲ್ಲ ಅತ್ತೆ ಎಂದು ಸಿರಿಲ್ ಹೇಳಿದ್ದಕ್ಕೆ, ಹೊಡೆಯುತ್ತಲ್ಲ ಎಂದು ಮಂಚ ಬಿಚ್ಚಿಸಿದಳು.

ಸಿರಿಲ್ ಬಾನೆಟ್ಟು ಮುಚ್ಚಿದ. ಕೈತೊಳೆಯುವ ನೆಪದಲ್ಲಿ ಅಡಿಗೆಮನೆಗೆ ಹೋದ. ಅಲ್ಲಿ ಎನಿಡ್ ಚರ್ಚಿನವರ ಹಳೇ ಬಟ್ಟೆ ಮಾರಾಟಕ್ಕೆಂದು ಅವನ ಕಂದು ಕೋಟಿನ ಜೇಬುಗಳನ್ನು ಬರಿದು ಮಾಡುತ್ತಿದ್ದಳು. ಮೇಜಿನ ಮೇಲೆ ಒಂದು ಕರವಸ್ತ್ರ, ಬಟ್ಟೆಗೆ ಅಂಟಿದ ಪುದೀನ ಮಿಠಾಯಿ, ಒಂದು ತುಂಡು ದಾರ, ಹೆಬ್ಬೆರಳಷ್ಟು ದಪ್ಪದ ಕರೀ ಗುಬಟು.

"ಈ ಕಸ ನಿನಗೆ ಬೇಕಾ?" ಎಂದಳು.

ಸಿರಿಲ್‌ನ ಮುಖ ಮೊದಲು ಕೆಂಪಾಗಿ ಆಮೇಲೆ ಬೆಳ್ಳಗಾಯಿತು. ಅದು ರೋಟರ್. ಆ ಕರಿ ಡಬ್ಬಿಯೊಳಗೆ ಗಿರಗಿರ ತಿರುಗಿ ಕರೆಂಟು ಹಂಚುವ ತುಂಡು. ಅದಿಲ್ಲದೆ ಕಾರಿಗೆ ಪೆಟ್ರೋಲಿನ ಸ್ನಾನ ಮಾಡಿಸಿದರೂ ಅಷ್ಟೇ.

ಇದು ಆ ಕಡೆಯ ಒಂದು ಪೀಳಿಗೆಯ ಗಂಡಸರಿಗೆಲ್ಲ ಅಂಟಿದ ಚಾಳಿ. ಯುದ್ಧ ಕಾಲದಲ್ಲಿ ಜರ್ಮನಿಯವರು ಆಕಾಶದಿಂದ ಇಳಿದು ನಿಮ್ಮ ಕಾರು ಹತ್ತಿ ಹೋಗಿಬಿಟ್ಟಾರು, ನಿಲ್ಲಿಸಿದ ಕಾರನ್ನು ಓಡದ ಹಾಗೆ ಮಾಡಿ ಹೋಗಿ ಎಂದು ಸರ್ಕಾರ ಹೇಳಿತ್ತು. ಗಂಡಸರು ರೋಟರ್ ಕಿತ್ತು ಜೇಬಿಗೆ ಹಾಕಿಕೊಳ್ಳುವುದನ್ನು ಕಲಿತರು. ಯುದ್ಧ ಮುಗಿದು ಕಾಲು ಶತಮಾನವಾಗುತ್ತ ಬಂದರೂ ಜರ್ಮನಿಯವರು ಬರಲಿಲ್ಲ, ಚಾಳಿಯೂ ಹೋಗಲಿಲ್ಲ. ಊರಿನ ಪಬ್ಬಿನಲ್ಲಿ ಈಗಲೂ ಬಿಯರ್ ಗ್ಲಾಸಿನ ಪಕ್ಕ ಒಬ್ಬೊಬ್ಬರೂ ಒಂದೊಂದು ರೋಟರ್ ಇಟ್ಟುಕೊಂಡು ಕೂರುತ್ತಾರೆ, ಹಲ್ಲಿನ ಸೆಟ್ಟು ತೆಗೆದಿಟ್ಟ ಹಾಗೆ. ಸಿರಿಲ್ ಚಳಿಗಾಲಕ್ಕೆ ಮುಂಚೆ ತಾನೇ ಕಿತ್ತು, ತಾನೇ ಜೇಬಿಗೆ ಹಾಕಿ, ತಾನೇ ಡಬ್ಬಿ ಒರೆಸಿ ಮುಚ್ಚಿದ್ದ.

ಹೊರಗೆ ಹೋಗಿ, ನೆರೆಯವರನ್ನು ಚಹಾ ಕುಡಿಯಿರಿ ಎಂದು ಒಳಗೆ ಕಳಿಸಿ, ಬೆಕ್ಕು ಹಾಲಿನ ಪಾತ್ರೆಗೆ ಬಾಯಿಡುವ ಹಾಗೆ ಅತ್ತಿತ್ತ ನೋಡಿ ಡಬ್ಬಿಯೊಳಗೆ ರೋಟರ್ ಕೂರಿಸಿದ. ಗುಂಡಿ ಎಳೆದ. ಕಾರು ಮೊದಲ ಎಳೆತಕ್ಕೇ ಗುಡುಗಿತು.

ವಿಲ್ಫ್ರೆಡ್ ಕಪ್ಪು ಹಿಡಿದೇ ಓಡಿಬಂದ. "ನಾ ಹೇಳ್ಲಿಲ್ವಾ? ಪೆಟ್ರೋಲ್ ಇಳಿಯೋಕೆ ಸ್ವಲ್ಪ ಹೊತ್ತು ಬೇಕಿತ್ತು."

"ಬ್ಯಾಟರಿಗೆ ಒಂದು ಸಲ ಉಲ್ಟಾ ಕೊಟ್ಟೆ ನೋಡು, ಅದರ ಹಠ ಬಿಡ್ತು," ಎಂದ ಪರ್ಸಿ.

ಇಬ್ಬರ ಕೈಯನ್ನೂ ಸಿರಿಲ್ ಕುಲುಕಿದ. ನಿಜ ಹೇಳಿದ್ದರೆ ಆ ಬೀದಿಯಲ್ಲಿ ಅವನು ಸಾಯುವ ತನಕ ರೋಟರ್ ಸಿರಿಲ್ ಆಗಿರಬೇಕಿತ್ತು. ಚರ್ಚಿನ ತನಕ ಹೋಗಿ ಬಂದು, ಕಾರನ್ನು ಮನೆ ಮುಂದೆ ನಿಲ್ಲಿಸಿದ. ರೋಟರ್ ಕೀಳಲು ಕೈ ತನ್ನಷ್ಟಕ್ಕೆ ಬಾನೆಟ್ಟಿನ ಕಡೆ ಹೋಯಿತು. ಆದರೆ ಇಬ್ಬರೂ ಎದುರಿಗೇ ನಿಂತಿದ್ದಾರೆ; ಈಗ ಡಬ್ಬಿ ಬಿಚ್ಚಿದರೆ ಗುಟ್ಟು ಬಯಲು. ಬರೀ ಬೀಗದ ಕೈ ಕಿತ್ತುಕೊಂಡು ಒಳಗೆ ನಡೆದ. ಆ ಕಾರುಗಳ ಬೀಗವೋ, ಚಮಚದ ಹಿಡಿಗೂ ತಿರುಗುವಂಥದ್ದು.

ಎನಿಡ್ ಮಾತಿಗೆ ತಪ್ಪುವವಳಲ್ಲ. ಲೆಸ್ಟರ್‌ಗೆ ಫೋನು ಮಾಡಲು ಎದ್ದಳು. ಆದರೂ ಆರು ಹೊಡೆಯಲಿ ಎಂದು ಮತ್ತೆ ಕೂತಳು. ಎಲ್ಲರೂ ಮುಂಕೋಣೆಯಲ್ಲಿ ಚಹಾ, ಸೌತೆಕಾಯಿ ಸ್ಯಾಂಡ್‌ವಿಚ್ ಇಟ್ಟುಕೊಂಡಿದ್ದರು. ಸಿರಿಲ್ ಅತ್ತೆಯ ಕಣ್ಣೆದುರೇ ಮೂರನೆಯ ಚಮಚ ಸಕ್ಕರೆ ಹಾಕಿಕೊಂಡ. ಆಗ ಹೊರಗೆ ಒಂದು ಕಾರು ಗುಡುಗಿತು.

ವಿಲ್ಫ್ರೆಡ್ ಕಿವಿಗೊಟ್ಟು, ನಿನ್ನ ಕಾರಿನ ಜಾತಿಯದೇ ಇನ್ನೊಂದು ಬಂದ ಹಾಗಿದೆ ಎಂದ. ಪರ್ಸಿ ಕಣ್ಣುಮುಚ್ಚಿ ಕೇಳಿ, ಎಂಜಿನ್ನು ಹಾಳು ಮಾಡಿಟ್ಟಿದ್ದಾರೆ, ಯಾರೋ ಕಾರ್ಬುರೇಟರಿಗೆ ಕೈಹಾಕಿದ್ದಾರೆ ಎಂದ. ಸಿರಿಲ್ ಕೂಡ, ಇಂಥವರ ಕೈಗೆ ಕಾರು ಕೊಡಬಾರದು ಎಂದು ದೊಡ್ಡ ಮನುಷ್ಯನ ಹಾಗೆ ನಿಟ್ಟುಸಿರು ಬಿಟ್ಟ.

ಕಿಟಕಿಯ ಬಳಿ ಕೂತಿದ್ದ ಎನಿಡ್ ಪರದೆ ಸರಿಸಿದಳು. "ಸಿರಿಲ್, ನಿನ್ನ ಕಾರು ಹೋಗ್ತಿದೆ."

"ಎಲ್ಲಿಗೆ?" ಎಂದ ಸಿರಿಲ್, ಕಪ್ಪು ಕೈಯಲ್ಲೇ ಹಿಡಿದು.

ಅವರು ಬೀದಿಗೆ ಬರುವ ಹೊತ್ತಿಗೆ ಮೂಲೆಯಲ್ಲಿ ನೀಲಿ ಹೊಗೆ ಮಾತ್ರ ಉಳಿದಿತ್ತು. ಪರ್ಸಿ ಪೊಲೀಸರಿಗೆ ಫೋನು ಮಾಡಿದ. ಸಿರಿಲ್ ಗೇಟು ಹಿಡಿದು ನಿಂತ. ಅತ್ತೆ ಟ್ರಂಕಿನಿಂದ ಮೆತ್ತೆ, ಗೋಡೆಗೆ ನೇತುಹಾಕುವ ಪಟ, ಒಂದೊಂದೇ ತೆಗೆದು ಗ್ಯಾರೇಜಿನಲ್ಲಿ ಇಡತೊಡಗಿದಳು.

ಆರಕ್ಕೆ ಇನ್ನು ಸ್ವಲ್ಪ ಹೊತ್ತಿರುವಾಗ ಬೀದಿಯ ಆ ತುದಿಯಲ್ಲಿ ಹಸಿರು ಕಾಣಿಸಿತು. ಸಿರಿಲ್‌ಗೆ ಜೀವ ಬಂತು. ಹತ್ತಿರ ಬಂದಾಗ ಹಸಿರಿನ ಮುಂದೆ ಒಂದು ಟ್ರಾಕ್ಟರೂ ಕಾಣಿಸಿತು. ಕಾರನ್ನು ಹಗ್ಗ ಕಟ್ಟಿ ಎಳೆದು ತರುತ್ತಿತ್ತು. ಕಾರಿನಲ್ಲಿ ಕಾನ್‌ಸ್ಟೇಬಲ್ ಹಾಲಿಸ್ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದ.

ಇಳಿದು ಟೋಪಿ ಸರಿಮಾಡಿಕೊಂಡು ಹಾಲಿಸ್ ಕತೆ ಹೇಳಿದ. ಕಾರು ಊರಾಚೆಯ ಪಬ್ಬಿನ ಮುಂದೆ ನಿಂತಿತ್ತು. ಒಳಗೆ ಹೋಗಿ ಇದು ಯಾರದು ಎಂದು ಕೇಳಿದಾಗ, ಗೋಡೆಯ ಪಕ್ಕದಲ್ಲಿದ್ದ ಒಬ್ಬ ನಡುವಯಸ್ಸಿನವನು ಅರ್ಧ ಬಿಯರ್ ಬಿಟ್ಟು, ಮೇಜಿನ ಮೇಲಿದ್ದ ಏನನ್ನೋ ಜೇಬಿಗೆ ಹಾಕಿಕೊಂಡು ಹಿಂಬಾಗಿಲಿಂದ ಹೊಲಕ್ಕೆ ಓಡಿದ. ಕೈಗೆ ಸಿಗಲಿಲ್ಲ.

"ಕಾರಿಗೇನೂ ಆಗಿಲ್ಲ ಸಾರ್. ಯಾಕೋ ಹೊತ್ಕೊಳ್ತಿಲ್ಲ ಅಷ್ಟೆ."

ವಿಲ್ಫ್ರೆಡ್ ಪಂಪಿಗೆ ಸುತ್ತಿಗೆ ತರಲು ಹೊರಟ. ಪರ್ಸಿ ಬ್ಯಾಟರಿಯ ಕಡೆ ಬಗ್ಗಿದ. ಸಿರಿಲ್ ಇಬ್ಬರನ್ನೂ ಸರಿಸಿ, ಕರಿ ಡಬ್ಬಿಯ ಮುಚ್ಚಳ ತೆಗೆದ.

ಒಳಗೆ ಏನೂ ಇರಲಿಲ್ಲ.

ಕಳ್ಳನೂ ಆ ಊರಿನವನೇ, ಆ ಪೀಳಿಗೆಯವನೇ. ಕದ್ದ ಕಾರು ನಿಲ್ಲಿಸಿ ಬಿಯರ್ ಕುಡಿಯಲು ಹೋಗುವಾಗ, ಯಾರಾದರೂ ಕದ್ದಾರು ಎಂದು ರೋಟರ್ ಕಿತ್ತು ಜೇಬಿಗೆ ಹಾಕಿಕೊಂಡಿದ್ದ.

ಸೋಮವಾರದ ತನಕ ಬಿಡಿಭಾಗದ ಅಂಗಡಿ ತೆಗೆಯುವುದಿಲ್ಲ. ತೆಗೆದರೂ ಆ ಹಳೇ ಮಾದರಿಯ ರೋಟರನ್ನು ಅಂಚೆಯಲ್ಲೇ ತರಿಸಬೇಕು. ವಿಲ್ಫ್ರೆಡ್‌ನಲ್ಲೂ ಒಂದು ಕಾರಿದೆ, ಆದರೆ ಅದರ ರೋಟರ್ ಇದಕ್ಕೆ ಕೂರುವುದಿಲ್ಲ. ಚರ್ಚಿನ ಗಂಟೆ ನಿಧಾನವಾಗಿ ಆರು ಹೊಡೆಯಿತು. ಪರ್ಸಿ ಖಾಲಿ ಡಬ್ಬಿಯನ್ನೂ ಸಿರಿಲ್‌ನ ಮುಖವನ್ನೂ ಒಂದರ ಮೇಲೊಂದು ನೋಡುತ್ತಿದ್ದ. ಆಮೇಲೆ ಬಹಳ ಮೃದುವಾಗಿ ಕೇಳಿದ.

"ಬೆಳಿಗ್ಗೆ ಅದು ಇತ್ತೇನಯ್ಯ?"

ಸಿರಿಲ್ ಅಭ್ಯಾಸ ಬಲದಿಂದ ತಲೆಯಾಡಿಸಿದ. ಹೌದು ಎಂದೋ ಇಲ್ಲ ಎಂದೋ ಅವನಿಗೇ ಗೊತ್ತಾಗಲಿಲ್ಲ, ಬೀದಿಗೆ ಗೊತ್ತಾಯಿತು.

ಆಗ್ನೆಸ್ ಜಮಖಾನದ ಮೇಲೆ ಕುರ್ಚಿ ಹಾಕಿಕೊಂಡು, ಹೆಣಿಗೆಯ ಕಡ್ಡಿ ಕೆಳಗಿಟ್ಟು, ಅಂದಿಗೆ ಮೊದಲ ಸಲ ಅಳಿಯನನ್ನು ಅಕ್ಕರೆಯಿಂದ ನೋಡಿದಳು.

"ನಮ್ಮನೆಯವರೂ ಹೀಗೇ ಕಣಪ್ಪ, ಅದನ್ನ ಕಿತ್ತು ಕೋಟಿನ ಜೇಬಲ್ಲೇ ಇಟ್ಕೊಳ್ತಿದ್ರು. ಆ ಕೋಟಲ್ಲೇ ಅವರನ್ನ ಮಣ್ಣು ಮಾಡಿದ್ವಿ. ಕಾರು ಇನ್ನೂ ನಮ್ಮ ಹಿತ್ತಲ ಷೆಡ್ಡಲ್ಲೇ ನಿಂತಿದೆ. ಸೋಮವಾರ ಅದನ್ನೂ ಇಲ್ಲಿಗೇ ಎಳೆಸ್ಕೊಂಡು ಬಂದುಬಿಡು, ಇದರ ಪಕ್ಕಕ್ಕೆ ನಿಲ್ಲಿಸೋಣ. ನಿನಗೂ ಕೈತುಂಬ ಕೆಲಸ ಆಗುತ್ತೆ."