ಸೋಡಾ ಬಾರಿನ ವಯಸ್ಸಿನ ಪಟ್ಟಿ

ವಯಸ್ಸು ಕೇಳುವ ಕೆಲಸಕ್ಕೆ ನಿಂತವನಿಗೆ ತಮಾಷೆಗೆ ಬರವಿಲ್ಲ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಾಗಿಲಿಗೆ ಬಂದು ನಿಂತಿರುತ್ತದೆ. ಐವತ್ತರ ದಶಕದ ಕೊನೆಯಲ್ಲಿ ನಾನು ಹಗಲು ಶಿಕಾರಿಪುರದ ಒಂದು ಪ್ರೈಮರಿ ಸ್ಕೂಲಿನ ಮೇಷ್ಟ್ರು, ಸಂಜೆ ಅಲ್ಲೇ ಒಂದು ಕ್ಲಬ್ಬಿನ ಬಾಗಿಲು ಕಾಯುವ ಗುಮಾಸ್ತ. ಆ ಬಾಗಿಲಿನ ಕಥೆ ಹೇಳಿ ಎಷ್ಟೋ ಜನರನ್ನು ನಗಿಸಿದ್ದೇನೆ. ಎಲ್ಲರೂ ನಕ್ಕು ಎದ್ದುಹೋದ ಮೇಲೆ ನನಗೆ ಮಾತ್ರ ಸಂಕಟವಾಗುತ್ತದೆ. ಯಾಕೆಂದರೆ ಆ ಬಾಗಿಲಲ್ಲಿ ಒಬ್ಬ ಒಳ್ಳೆಯ ಹುಡುಗನ ಮದುವೆ ಕೆಟ್ಟಿತು, ಕೆಡಿಸಿದವನು ನಾನು.

೧. ಬೋರ್ಡು

ಕ್ಲಬ್ಬಿನ ಅಧ್ಯಕ್ಷರು ಮಿಲಿಟರಿಯಿಂದ ನಿವೃತ್ತರಾಗಿ ಬಂದ ಸುಬೇದಾರರು. ದೊಡ್ಡ ಊರಿನ ದಂಡಿನಲ್ಲಿ ಬಾರು ನೋಡಿ ಬಂದವರು. ಇಸ್ಪೀಟು ಆಡುವ ಹಾಲಿನ ಹಿಂದೆ ಒಂದು ಕೋಣೆ ಇತ್ತು. ಅದಕ್ಕೆ ಮರದ ಕಟ್ಟೆ ಹಾಕಿಸಿ, ಎತ್ತರದ ಸ್ಟೂಲು ಮಾಡಿಸಿ, ಬಾಗಿಲ ಮೇಲೆ ‘ಬಾರು’ ಎಂದು ಬರೆಸಿದರು. ಆಗ ನಮ್ಮ ಕಡೆ ಪಾನನಿರೋಧ. ಹಾಗಾಗಿ ಬಾರಿನಲ್ಲಿ ಸಿಗುತ್ತಿದ್ದದ್ದು ಗೋಲಿ ಸೋಡಾ, ನಿಂಬೆ ಸೋಡಾ, ಹಬ್ಬ ಬಂದರೆ ಶುಂಠಿ ಸೋಡಾ.

ಅಷ್ಟಕ್ಕೆ ನಿಲ್ಲಿಸಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಸುಬೇದಾರರು ಇನ್ನೊಂದು ಬೋರ್ಡು ಬರೆಸಿದರು: ‘ಸಂಜೆ ಏಳರ ಮೇಲೆ ಇಪ್ಪತ್ತೊಂದು ವರ್ಷ ತುಂಬದವರಿಗೆ ಪ್ರವೇಶವಿಲ್ಲ.’

“ಸೋಡಾಕ್ಕೆ ವಯಸ್ಸು ಯಾಕೆ ಸಾರ್?” ಎಂದೆ.

“ವಯಸ್ಸಿನ ಬೋರ್ಡಿಲ್ಲದ ಬಾರು ನಾನೆಲ್ಲೂ ನೋಡಿಲ್ಲ” ಎಂದರು.

ಬೋರ್ಡು ನೋಡಿದ ಊರಿಗೆ ಒಳಗೆ ಏನೋ ಇದೆ ಎಂಬುದು ಖಾತ್ರಿಯಾಯಿತು. ಮೆಂಬರುಗಳೂ ಅಲ್ಲ ಎನ್ನಲಿಲ್ಲ. ಜವಳಿ ಅಂಗಡಿಯವರೊಬ್ಬರ ಹೆಂಡತಿ ಒಂದು ಬೆಳಗ್ಗೆ ಸ್ಕೂಲಿಗೇ ಬಂದು ಕಣ್ಣೀರು ಹಾಕಿದರು. “ನಮ್ಮನಿಯವ್ರು ದಿನಾ ಎಷ್ಟು ಕುಡೀತಾರ ಹೇಳ್ರಿ ಮೇಷ್ಟ್ರೆ, ನನ್ನಾಣೆ.” ನಾನು ಸತ್ಯವಾಗಿ ಎರಡು ನಿಂಬೆ ಸೋಡಾ ಎಂದೆ. ಆಕೆ ನಂಬಲಿಲ್ಲ. “ಸೋಡಾ ಕುಡಿದೋರು ಗ್ವಾಡಿ ಹಿಡ್ಕೊಂಡು ಮನಿಗೆ ಬರ್ತಾರೇನ್ರಿ?” ಎಂದು ಕೇಳಿದರು. ಆ ಸಂಜೆ ಜವಳಿಯವರನ್ನು ವಿಚಾರಿಸಿದೆ.

“ನೆಟ್ಟಗೆ ನಡೆದು ಹೋದರೆ ಕ್ಲಬ್ಬಿನ ಮರ್ಯಾದೆ ಏನಾಗಬೇಕ್ರಿ?” ಎಂದರು.

೨. ಕಿವಿ ಮುಟ್ಟಿಸಿದ್ದು

ಊರಲ್ಲಿ ಯಾರ ಹತ್ತಿರವೂ ವಯಸ್ಸಿನ ಕಾಗದವಿಲ್ಲ. ಇದ್ದದ್ದು ಸ್ಕೂಲಿನ ದಾಖಲಾತಿ ರಿಜಿಸ್ಟರು ಒಂದೇ. “ಅದರಿಂದ ಪಟ್ಟಿ ತೆಗೀರಿ” ಎಂದು ಸುಬೇದಾರರ ಅಪ್ಪಣೆಯಾಯಿತು. ಆ ರಿಜಿಸ್ಟರಿನಲ್ಲಿ ಹುಟ್ಟಿದ ತಾರೀಖು ಬರೆದವನು ನಾನೇ.

ಹೇಗೆ ಬರೆಯುತ್ತಿದ್ದೆ ಅಂದರೆ, ಅಪ್ಪ ಮಗನನ್ನು ತಂದು ನಿಲ್ಲಿಸುತ್ತಿದ್ದ. ಮಗು ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಆರು ವರ್ಷ, ಮುಟ್ಟದಿದ್ದರೆ ಐದು. ತಿಂಗಳು ಯಾವಾಗಲೂ ಜೂನ್, ತಾರೀಖು ಯಾವಾಗಲೂ ಒಂದು. ನಮ್ಮ ಊರಿನ ತಾಯಂದಿರೆಲ್ಲ ಸ್ಕೂಲು ಬಾಗಿಲು ತೆರೆಯುವ ದಿನ ನೋಡಿಯೇ ಹೆರುತ್ತಿದ್ದರು ಎಂದು ರಿಜಿಸ್ಟರು ಓದಿದವರು ತಿಳಿಯಬೇಕು.

ನಾನು ಹೊಸದಾಗಿ ಕೆಲಸಕ್ಕೆ ಸೇರಿದ ವರ್ಷ ಒಬ್ಬ ರೈತ ತನ್ನ ಇಬ್ಬರು ಮಕ್ಕಳನ್ನು ಒಂದೇ ದಿನ ಕರೆತಂದ. ಅಣ್ಣನಿಗೆ ಎಂಟು, ತಮ್ಮನಿಗೆ ಆರು. ಅಣ್ಣ ಗುಜ್ಜಾರಿ, ಕೈ ಮೋಟು. ಎಷ್ಟು ಹೆಣಗಿದರೂ ಕಿವಿ ಸಿಗಲಿಲ್ಲ. “ಕಮ್ಮೀನೇ ಬರಕಳ್ರಿ, ಮುಂದೆ ಸರ್ಕಾರಿ ನೌಕರಿ ಸಿಕ್ರ ನಾಕು ವರ್ಷ ಜಾಸ್ತಿ ಮಾಡ್ತಾನ” ಎಂದ ಅಪ್ಪ. ಐದು ಎಂದು ಬರೆದೆ. ತಮ್ಮನ ಕೈ ಉದ್ದ. ಕಿವಿ ದಾಟಿ ಕೆನ್ನೆಗೆ ಬಂತು. ಆ ವಾರ ತಪಾಸಣೆಗೆ ಇನ್ಸ್‌ಪೆಕ್ಟರು ಬರುವವರಿದ್ದರು, ಎರಡನೇ ಕ್ಲಾಸಿಗೆ ಒಂದು ತಲೆ ಕಮ್ಮಿ ಬಿದ್ದಿತ್ತು. ಅವನಿಗೆ ಏಳು ಎಂದು ಬರೆದು ಎರಡನೇ ಕ್ಲಾಸಿಗೆ ತಳ್ಳಿದೆ.

ಆಮೇಲೆ ನೋಡಿಕೊಂಡರೆ ತಮ್ಮ ಅಣ್ಣನಿಗಿಂತ ಎರಡು ವರ್ಷ ಮುಂಚೆ ಹುಟ್ಟಿದ್ದ. ರಿಜಿಸ್ಟರಿನಲ್ಲಿ ಕೆರೆಯುವಂತಿಲ್ಲ, ಕೆರೆದರೆ ಕೆಲಸ ಹೋಗುತ್ತದೆ. ಅಪ್ಪನಿಗೆ ಮೆಲ್ಲಗೆ ಹೇಳಿದೆ.

“ಇರ್ಲಿ ಬಿಡ್ರಿ, ಯಾವ ದೊಡ್ಡಾಂವ ಅಂತ ನನಗ ಗುರ್ತು ಸಿಗ್ತದ” ಎಂದ.

೩. ತಾಳಗುಂದದ ಯಜಮಾನರು

ಪಟ್ಟಿ ಗೋಡೆಗೆ ಅಂಟಿತು. ಪಟ್ಟಿಯಲ್ಲಿಲ್ಲದವರನ್ನು ಬಾಯಲ್ಲೇ ಕೇಳಿ ಪುಸ್ತಕದಲ್ಲಿ ಬರೆಯಬೇಕೆಂದು ಸುಬೇದಾರರ ಹುಕುಂ. ತಲೆ ಪೂರಾ ನೆರೆತವರನ್ನೂ ಬಿಡುವಂತಿಲ್ಲ.

ಒಂದು ಸಂಜೆ ತಾಳಗುಂದದ ಯಜಮಾನರೊಬ್ಬರು ಬಂದರು. ವಕೀಲರನ್ನು ನೋಡಬೇಕಾಗಿತ್ತು, ವಕೀಲರು ಬಾರಿನಲ್ಲಿದ್ದರು. ನಾನು ಪುಸ್ತಕ ತೆರೆದು ಪೆನ್ನನ್ನು ಮಸಿಗೆ ಅದ್ದಿದ್ದೇ ತಡ, ಅವರು ಕೈಲಿದ್ದ ಕೋಲನ್ನು ಗೋಡೆಗೆ ಒರಗಿಸಿ ನೆಟ್ಟಗೆ ನಿಂತರು. ಪುಸ್ತಕ ತೆರೆದವರೆಲ್ಲ ಅವರ ಲೆಕ್ಕಕ್ಕೆ ಸರ್ಕಾರದವರು.

“ವಯಸ್ಸೆಷ್ಟು ಯಜಮಾನ್ರೆ?”

“ಯಾಕ್ರಿ, ಕಂದಾಯ ಏರ್ತದೇನು?”

“ಇಲ್ಲ, ಸುಮ್ಮನೆ ಬರೆಯೋಕೆ.”

“ಪಹಣಿಯಾಗ ಹೆಂಗೈತಿ ಹಂಗ ಬರಕಳ್ರಿ.”

“ಪಹಣಿಯಲ್ಲಿ ಹೊಲದ ವಿಷಯ ಇರುತ್ತೆ, ನಿಮ್ಮ ವಯಸ್ಸು ಇರಲ್ಲ. ಇಪ್ಪತ್ತೊಂದು ತುಂಬಿದೆಯೋ ಇಲ್ಲವೋ, ಅಷ್ಟು ಹೇಳಿ ಸಾಕು.”

ಯಜಮಾನರು ನನ್ನ ಮುಖ ನೋಡಿದರು, ಪುಸ್ತಕ ನೋಡಿದರು, ಕೈ ಮುಗಿದರು.

“ನಿಮಗೆ ಎಷ್ಟು ಬೇಕೋ ಅಷ್ಟು ಬರಕಳ್ರಿ ಸ್ವಾಮಿ, ನಾನು ಇಲ್ಲ ಅನ್ನೋದಿಲ್ಲ” ಎಂದರು.

೪. ಅಣ್ಣ ಹೊರಗೆ, ತಮ್ಮ ಒಳಗೆ

ನಾನು ಹೇಳಿದ ಆ ಅಣ್ಣತಮ್ಮಂದಿರು ಬೆಳೆದು ದೊಡ್ಡವರಾದರು. ಅಣ್ಣನಿಗೆ ಕೂಸುಗಳ ನಡುವೆ ಕೂತು ಓದು ಹತ್ತಲಿಲ್ಲ. ನಾಲ್ಕನೆಯದಕ್ಕೆ ಬಿಟ್ಟು ಅಪ್ಪನ ಜೊತೆ ಹೊಲಕ್ಕೆ ಇಳಿದ. ತಮ್ಮ ಎರಡನೇ ಕ್ಲಾಸಿನಿಂದ ಹತ್ತಿದವನು ನಿಲ್ಲಲೇ ಇಲ್ಲ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾದ. ತಮ್ಮನ ಫೀಸು, ಬಟ್ಟೆ, ಪುಸ್ತಕ ಎಲ್ಲ ಅಣ್ಣನ ಬೆವರು. ಬಾರಿಗೆ ಬರಲು ಅಣ್ಣನಿಗೆ ಪುರಸೊತ್ತೂ ಇರಲಿಲ್ಲ, ಮನಸ್ಸೂ ಇರಲಿಲ್ಲ.

ಅವನಿಗೆ ಇಪ್ಪತ್ಮೂರಾದಾಗ ಸೊರಬದ ಕಡೆ ಉಳವಿಯಿಂದ ಒಂದು ಸಂಬಂಧ ಬಂತು. ಹುಡುಗಿಯ ತಂದೆ ಮೊದಲು ಮನೆ ನೋಡಲು ಬಂದರು. ಮನೆ ಹಿಡಿಸಿತು, ಹೊಲ ಹಿಡಿಸಿತು, ಹುಡುಗನೂ ಹಿಡಿಸಿದ. ಬರುವ ಶುಕ್ರವಾರ ಹೆಣ್ಣು ನೋಡುವುದು ಎಂದಾಯಿತು. ಅಣ್ಣ ಅದೇ ದಿನ ದರ್ಜಿಗೆ ಅಳತೆ ಕೊಟ್ಟು ಕೋಟು ಹೊಲಿಯಲು ಹಾಕಿದ. ದಾರಿಯಲ್ಲಿ ಸಿಕ್ಕಿ, “ಮೇಷ್ಟ್ರೆ, ನನಗೂ ಮದುವಿ ಬಂತು ನೋಡ್ರಿ” ಎಂದು ನಕ್ಕ. ಅಷ್ಟು ಖುಷಿಯಾಗಿ ಅವನು ನಕ್ಕಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಸಂಜೆ ಬೀಗರಾಗುವವರಿಗೆ ನಮ್ಮ ಬಾರು ನೋಡುವ ಆಸೆಯಾಯಿತು. “ಎಂತದದು ಮಾರಾಯ್ರೆ, ನಮ್ಮ ಸೊರಬದಲ್ಲಿ ಇಲ್ಲದ್ದು?” ಎಂದು ಹೊರಟರು. ಅಣ್ಣ ಮುಂದೆ, ಅವರು ನಡುವೆ, ತಮ್ಮ ಹಿಂದೆ. ಬಾಗಿಲಲ್ಲಿ ನಾನು. ನನ್ನ ಹಿಂದೆ, ಕೈ ಬೆನ್ನಿಗೆ ಕಟ್ಟಿಕೊಂಡ ಸುಬೇದಾರರು.

ಕಣ್ಣು ಮುಚ್ಚಿ ಬಿಟ್ಟುಬಿಡಬಹುದಾಗಿತ್ತು. ಬಿಡಲಿಲ್ಲ. ಸುಬೇದಾರರೇ ಪಟ್ಟಿಯ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದರು. ಅಣ್ಣ, ಇಪ್ಪತ್ತು, ಪ್ರವೇಶವಿಲ್ಲ. ತಮ್ಮ, ಇಪ್ಪತ್ತೆರಡು, ಬರಬಹುದು.

“ಇವ ನನ್ನ ತಮ್ಮ ಕಣ್ರೀ! ನಾನು ಇವನ್ನ ಎತ್ತಿ ಆಡಿಸೀನಿ!” ಎಂದ ಅಣ್ಣ.

“ಎತ್ತಿ ಆಡಿಸಿರಬಹುದು. ವಯಸ್ಸಾಗಿಲ್ಲ” ಎಂದರು ಸುಬೇದಾರರು.

ಅಣ್ಣ ನನ್ನ ಕಡೆ ನೋಡಿದ. ನಾನು ಪಟ್ಟಿಯ ಕಡೆ ನೋಡಿದೆ. ಬೀಗರು ತಮ್ಮನ ಜೊತೆ ಒಳಗೆ ಹೋಗಿ ನಿಂಬೆ ಸೋಡಾ ಕುಡಿದು ಬಂದರು. ಅಷ್ಟು ಹೊತ್ತೂ ಅಣ್ಣ ಮೆಟ್ಟಿಲ ಮೇಲೆ, ಅವರ ಚಪ್ಪಲಿಯ ಪಕ್ಕ ಕೂತಿದ್ದ. ಹೊರಗೆ ಬಂದ ಬೀಗರ ಮುಖ ಗಂಟಿಕ್ಕಿತ್ತು. ಮನೆಗೆ ಹೋದವರೇ ಹುಡುಗನ ತಂದೆಯನ್ನು ಕೇಳಿಯೇ ಬಿಟ್ಟರಂತೆ.

“ಅಲ್ಲ ಮಾರಾಯ್ರೆ, ದೊಡ್ಡ ಮಗನನ್ನ ಮನೇಲಿ ಇಟ್ಕಂಡು ಚಿಕ್ಕವನಿಗೆ ಮೊದ್ಲು ಹೆಣ್ಣು ನೋಡ್ತಿದೀರಲ್ಲ, ದೊಡ್ಡವನಿಗೆ ಎಂತ ಕಾಯಿಲೆ?”

೫. ಶಿರಾಳಕೊಪ್ಪದ ಮೇಲೆ ಬಸ್ಸು

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಸ್ಕೂಲಿಗೆ ರಜೆ ಹಾಕಿ, ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸು ಹತ್ತಿದೆ. ಸೊರಬದಲ್ಲಿ ಬಸ್ಸು ಬದಲಿಸಿ ಉಳವಿಗೆ ಹೋದೆ. ಹುಡುಗಿಯ ತಂದೆ ಚಾಪೆ ಹಾಕಿಸಿ ಬೆಲ್ಲ ನೀರು ಕೊಟ್ಟರು. ಗಂಟಲು ಸರಿಮಾಡಿಕೊಂಡು ಎಲ್ಲವನ್ನೂ ಹೇಳಿದೆ: ಮೋಟು ಕೈ, ಉದ್ದ ಕೈ, ಇನ್ಸ್‌ಪೆಕ್ಟರು, ಎರಡನೇ ಕ್ಲಾಸಿಗೆ ಬೇಕಾಗಿದ್ದ ಒಂದು ತಲೆ. ತಪ್ಪು ನನ್ನದು, ಹುಡುಗ ಬಂಗಾರದಂಥವನು, ಅವನೇ ದೊಡ್ಡವನು, ಎಂದೆ.

ಅವರು ಸಮಾಧಾನವಾಗಿ ಕೇಳಿ ಎಲೆಗೆ ಸುಣ್ಣ ಹಚ್ಚಿದರು.

“ಹಾಗಾರೆ ನೀವು ಅವತ್ತು ಬರೆದದ್ದು ಸುಳ್ಳು?”

“ಸುಳ್ಳು.”

“ಸುಳ್ಳು ಬರೀತೀರಿ ಅಂತ ನೀವೇ ಒಪ್ಕಂಡ ಮೇಲೆ, ಇವತ್ತು ಹೇಳಿದ್ದು ನಾ ಹೇಗೆ ನಂಬೂದು ಮೇಷ್ಟ್ರೆ?”

ನಾನು ಖಾಲಿಯಾದ ನೀರಿನ ಲೋಟವನ್ನೇ ಮತ್ತೆ ಬಾಯಿಗೆ ಎತ್ತಿದೆ. ಅವರಿಗೇ ಪಾಪ ಎನಿಸಿರಬೇಕು. “ನಿಮ್ಮ ಕ್ಲಬ್ಬಿನವರೆಲ್ಲ ಸೇರಿ ತಾರೀಖು ತಪ್ಪು ಅಂತ ಬರೆದು ಸಹಿ ಮಾಡಿ ಕೊಡ್ಲಿ, ನಾ ಅಣ್ಣನಿಗೇ ಕೊಡ್ತೆ” ಎಂದರು. ನಾನು ಕುಣಿಯುತ್ತಾ ಎದ್ದೆ.

ಬಾಗಿಲವರೆಗೆ ಬಂದು ಬೀಳ್ಕೊಡುವಾಗ ಮೆಲ್ಲಗೆ ಕೇಳಿದರು: “ಹಾಗೇ ಒಂದು ವಿಷ್ಯ. ನಮ್ಮ ಕಿರೀ ಮಗನ್ನೂ ಈ ವರ್ಷ ಸ್ಕೂಲಿಗೆ ಹಾಕ್ಬೇಕು. ಒಂದೆರಡು ವರ್ಷ ಕಮ್ಮಿ ಬರೀಲಿಕ್ಕೆ ನಿಮ್ಮಲ್ಲಿಗೇ ಕರ್ಕಂಡು ಬರ್ಲಾ?”

೬. ಸರ್ವಾನುಮತ

ಮಾರನೇ ಸಂಜೆ ಕಮಿಟಿ ಸೇರಿತು. ಸುಬೇದಾರರು, ವಕೀಲರು, ಶಿರಸ್ತೇದಾರರು, ಕಾಂಪೌಂಡರು. ಕೆಲಸ ಹೋದರೆ ಹೋಗಲಿ ಎಂದು ಗಟ್ಟಿ ಮನಸ್ಸು ಮಾಡಿ, ರಿಜಿಸ್ಟರಿನ ತಾರೀಖುಗಳು ಸುಳ್ಳೆಂದು ಎದ್ದು ನಿಂತು ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಯಾರೂ ಬೈಯಲಿಲ್ಲ. ಎಲ್ಲರ ಮುಖವೂ ಒಟ್ಟಿಗೆ ಬಿಳುಚಿಕೊಂಡಿತು.

“ಸ್ಕೂಲಿನ ತಾರೀಖು ತಪ್ಪು ಅಂತ ಬರೆದು ಸಹಿ ಹಾಕೋದು? ಯಾರದ್ದು ತಪ್ಪು? ಎಲ್ಲರದ್ದೂನಾ?” ಎಂದರು ಶಿರಸ್ತೇದಾರರು. ಅವರ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಐವತ್ತೈದಕ್ಕೆ ಪೆನ್ಷನ್ನು, ಅವರಿಗೆ ಇನ್ನೂ ನಾಲ್ಕು ವರ್ಷ ಬಾಕಿ ಇತ್ತು. ಕಾಂಪೌಂಡರು ದಾಖಲೆಯ ಪ್ರಕಾರ ಹನ್ನೊಂದನೇ ವಯಸ್ಸಿಗೆ ನೌಕರಿಗೆ ಸೇರಿದ್ದರು. ಸುಬೇದಾರರು ಪಟಾಲಮ್ಮಿಗೆ ಸೇರುವ ಅವಸರದಲ್ಲಿ ವಯಸ್ಸು ಏರಿಸಿ, ಸ್ವಂತ ಅಕ್ಕನಿಗಿಂತ ದೊಡ್ಡವರಾಗಿದ್ದರು.

“ಒಂದು ಎಳೆ ಎಳೆದರೆ ಪೂರಾ ಬಿಚ್ಚಿಕೊಳ್ಳುತ್ತೆ” ಎಂದರು ವಕೀಲರು, ಕಾನೂನಿನ ಗಾಂಭೀರ್ಯದಲ್ಲಿ.

“ಒಬ್ಬ ಹುಡುಗನ ಮದುವೆ ಸಾರ್” ಎಂದೆ.

“ಒಬ್ಬನದ್ದು” ಎಂದರು ಶಿರಸ್ತೇದಾರರು. “ಇಲ್ಲಿ ನಾಲ್ಕು ಸಂಸಾರ ಇದೆ.”

ಮೇಷ್ಟ್ರು ಬರೆದ ತಾರೀಖುಗಳೆಲ್ಲ ಸರಿಯಾಗಿವೆ ಎಂದು ಸರ್ವಾನುಮತದಿಂದ ಠರಾವಾಯಿತು. ನನ್ನ ನಿಷ್ಠೆಯನ್ನು ಮೆಚ್ಚಿ ಒಂದು ಶುಂಠಿ ಸೋಡಾವನ್ನೂ ಮಂಜೂರು ಮಾಡಿದರು.

೭. ಹುಡುಗನ ತಮ್ಮ

ಠರಾವಿನ ಸುದ್ದಿ ಉಳವಿಗೆ ಮುಟ್ಟಿತು. ಹುಡುಗಿಯ ತಂದೆ ನೇರ ಮನುಷ್ಯ. ಹಿರಿಯನಿಗೇ ಮೊದಲು ಆಗಬೇಕು, ದಾಖಲೆಯಲ್ಲಿ ಹಿರಿಯ ಗುಮಾಸ್ತ, ಅವನಿಗೇ ಕೊಡುತ್ತೇನೆ ಎಂದರು. ತಮ್ಮ ಮೂರು ದಿನ ಊಟ ಬಿಟ್ಟ, ಒಲ್ಲೆ ಎಂದ. ಅಪ್ಪ ತಲೆಯ ಮೇಲೆ ಕೈಹೊತ್ತು ಕೂತ. ಕೊನೆಗೆ ಅಣ್ಣನೇ, “ಒಳ್ಳೆ ಮನೆತನ, ಕೈ ಬಿಡಬ್ಯಾಡ್ರಿ. ಯಾರಿಗಾದ್ರೇನು, ಬರಾದು ನಮ್ಮನಿಗೇ ಅಲ್ಲೇನು” ಎಂದು ಹೇಳಿ ಒಪ್ಪಿಸಿದ. ಶುಕ್ರವಾರ ತಮ್ಮ ಹೆಣ್ಣು ನೋಡಲು ಹೋದದ್ದು ಅಣ್ಣ ಹೊಲಿಸಿದ ಕೋಟಿನಲ್ಲೇ. ತೋಳು ಮೊಣಕೈ ತನಕ ಬಂದಿತ್ತಂತೆ.

ಮದುವೆ ಉಳವಿಯಲ್ಲಿ. ನನಗೂ ಕರೆ ಬಂತು. ಹೋಗಬಾರದಾಗಿತ್ತು, ಹೋದೆ. ಅಣ್ಣ ಚಪ್ಪರದ ತುಂಬ ಓಡಾಡುತ್ತಿದ್ದ. ನೀರು ತರುವವನು ಅವನೇ, ಬೀಗರನ್ನು ಕೂರಿಸುವವನು ಅವನೇ. ನನ್ನನ್ನು ನೋಡಿ, “ಬರ್ರಿ ಮೇಷ್ಟ್ರೆ, ಮುಂದ ಕೂಡ್ರಿ” ಎಂದ. ಒಂದು ಕೆಟ್ಟ ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರಾಗುತ್ತಿತ್ತು.

ಧಾರೆಯಾಯಿತು. ಪುರೋಹಿತರು ಹಿರಿಯರಿಗೆಲ್ಲ ನಮಸ್ಕಾರ ಮಾಡಿಸಿ, “ಈಗ ಕಿರಿಯರು ಬಂದು ದಂಪತಿಗೆ ನಮಸ್ಕಾರ ಮಾಡಿ. ಎಲ್ಲಿ, ಹುಡುಗನ ತಮ್ಮ ಎಲ್ಲಿ?” ಎಂದು ಕೂಗಿದರು. ಚಪ್ಪರವೆಲ್ಲ ಅಣ್ಣನ ಕಡೆ ತಿರುಗಿತು. ಅವನು ಕೈಲಿದ್ದ ಕೊಡ ಕೆಳಗಿಟ್ಟು, ಪಂಚೆಗೆ ಕೈ ಒರೆಸಿಕೊಂಡು, ಮಂಟಪ ಹತ್ತಿ, ತಮ್ಮನ ಕಾಲಿಗೆ ಬಗ್ಗಿದ. ಅದೇ ಕ್ಷಣಕ್ಕೆ ತಮ್ಮ ಬಾಸಿಂಗ ಕಟ್ಟಿಕೊಂಡೇ ಅಣ್ಣನ ಕಾಲಿಗೆ ಬಗ್ಗಿದ. ಎರಡು ತಲೆಯೂ ಢಣ್ ಎಂದು ಬಡಿದವು. ಬಾಸಿಂಗ ಹಾರಿ ಪುರೋಹಿತರ ಮಡಿಲಿಗೆ ಬಿತ್ತು. ಚಪ್ಪರಕ್ಕೆ ಚಪ್ಪರವೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ನಗದವರು ಮೂರೇ ಜನ. ತಮ್ಮ ಅಳುತ್ತಿದ್ದ. ಅಣ್ಣ ತನ್ನ ಹಣೆ ಬಿಟ್ಟು ಅವನ ಹಣೆ ಉಜ್ಜುತ್ತಾ, “ಪೆಟ್ಟಾತೇನಲೇ?” ಎಂದು ಕೇಳುತ್ತಿದ್ದ. ಕೇಳುತ್ತಾ ಕೇಳುತ್ತಾ ಅವನ ಕಣ್ಣೂ ತುಂಬಿ ಬಂತು. ಮೂರನೆಯವನು ನಾನು. ಎದ್ದು ಹೋಗಿ ಇಬ್ಬರ ಕಾಲಿಗೂ ಬೀಳೋಣ ಎನಿಸಿತು, ಧೈರ್ಯ ಬರಲಿಲ್ಲ.

ಹುಡುಗಿಯ ತಾಯಿ ಕರುಳಿನ ಹೆಂಗಸು. ಅಣ್ಣ ಅಳುವುದನ್ನು ನೋಡಲಾರದೆ ಓಡಿ ಬಂದರು, ಕೈಗೆ ಎರಡು ಲಾಡು ಇಟ್ಟರು, ಸೆರಗಿನಿಂದ ಅವನ ಮೀಸೆಯ ಮೇಲಿನ ಕಣ್ಣೀರು ಒರೆಸಿದರು.

“ಅಳಬೇಡ ಮಗಾ,” ಎಂದರು. “ಮುಂದಿನ ಜೂನಿಗೆ ನಿಂಗೂ ಇಪ್ಪತ್ತೊಂದು ತುಂಬ್ತದೆ.”